ಆರ್ಟೀಸಿಯಾ ಮಾರ್ಗವಾಗಿ ಇಟಲಿ

ಮದುವೆಯಾಗಿ ಹದಿನೈದು ವರ್ಷವಾದ ಮೇಲೆ ಗಂಡ ಹೆಂಡತಿ ಜಗಳಕ್ಕೆ ಹೊಸ ವಿಷಯ ಹುಡುಕುವ ಕಷ್ಟ ತೆಗೆದುಕೊಳ್ಳುವುದಿಲ್ಲ. ಇರುವುದನ್ನೇ ಜೋಪಾನವಾಗಿಟ್ಟುಕೊಂಡು, ಬೇಕಾದಾಗ ಬಿಸಿಮಾಡಿ ಬಡಿಸುತ್ತಾರೆ. ನಮ್ಮ ಮನೆಯಲ್ಲಿ ಆ ವಿಷಯ ಕಾರು. ನಮ್ಮ ಯಜಮಾನರು ಬೆಂಗಳೂರಿನಲ್ಲಿ ಸ್ಕೂಟರ್ ಓಡಿಸಿಕೊಂಡಿದ್ದವರು, ಕಾರು ಕಲಿತದ್ದು ಸ್ಯಾನ್ ಡಿಯಾಗೋಗೆ ಬಂದ ಮೇಲೆ, ಅದೂ ಆಟೋಮ್ಯಾಟಿಕ್‌ನಲ್ಲಿ. ನಾನೋ ದಾವಣಗೆರೆಯಲ್ಲಿ ಗೇರ್ ಕಾರಿನಲ್ಲಿ ಕಲಿತು, ಆರ್‌ಟಿಓ ಸಾಹೇಬರ ಮುಂದೆ ರಿವರ್ಸ್ ತೆಗೆದು ಲೈಸೆನ್ಸ್ ಪಡೆದವಳು. ಇದನ್ನು ನಾನು ಅವರಿಗೆ ಮರೆಯಲು ಬಿಟ್ಟಿಲ್ಲ. "ನೀವು ಓಡಿಸೋದು ಕಾರಲ್ಲ ರೀ, ಸೋಫಾ. ಕೂತ್ರೆ ಸಾಕು, ಅದೇ ಹೋಗುತ್ತೆ" ಎಂದು, ಮನೆಗೊಂದು ಅಡುಗೆ ತಂದು ಹಂಚಿ ತಿನ್ನುವ ಯಾವ ಪಾಟ್‌ಲಕ್‌ನಲ್ಲಾದರೂ ನಾಲ್ಕು ಜನರ ಮುಂದೆ ಹೇಳುತ್ತಿದ್ದೆ. ಜನ ನಗುತ್ತಿದ್ದರು. ಅವರು ತಲೆ ತಗ್ಗಿಸಿ ಮೊಸರನ್ನ ತಿನ್ನುತ್ತಿದ್ದರು.

ನಿಮ್ಮ ಹತ್ತಿರ ಮುಚ್ಚಿಡುವುದೇನು, ಈ ಕತೆಯಲ್ಲಿ ನಾನು ಒಂದು ಸಣ್ಣ ವಿವರವನ್ನು ಬಿಟ್ಟುಬಿಡುತ್ತಿದ್ದೆ. ಡ್ರೈವಿಂಗ್ ಸ್ಕೂಲಿನ ಆ ಕಾರಿನಲ್ಲಿ ಮೇಷ್ಟ್ರು ಕೂರುವ ಕಡೆಯೂ ಒಂದು ಕ್ಲಚ್, ಒಂದು ಬ್ರೇಕ್ ಇದ್ದವು. ತುಳಿಯುವ ಕೆಲಸವೆಲ್ಲ ರುದ್ರಪ್ಪ ಮೇಷ್ಟ್ರದು. ನನ್ನದು ಸ್ಟಿಯರಿಂಗ್ ಹಿಡಿದುಕೊಂಡು ಗಂಭೀರವಾಗಿ ಮುಂದೆ ನೋಡುವ ಕೆಲಸ. ಪರೀಕ್ಷೆಯ ದಿನವೂ ಪುಣ್ಯಾತ್ಮರು ಪಕ್ಕದಲ್ಲೇ ಕೂತಿದ್ದರು. ಆಮೇಲೆ ನಮ್ಮಪ್ಪ ಕಾರಿನ ಕೀಲಿಯನ್ನು ದೇವರಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಗೇರಿಗೂ ನನಗೂ ಇದ್ದ ಸಂಬಂಧ ಅಷ್ಟೆ.

ಹದಿನೈದನೇ ವಾರ್ಷಿಕೋತ್ಸವಕ್ಕೆ ಇಟಲಿಗೆ ಹೋಗುವುದೆಂದು ಠರಾವಾಯಿತು. ಅವರು ಕೂಡಲೇ "ಏರ್‌ಪೋರ್ಟಿನಲ್ಲೇ ಕಾರ್ ತಗೊಂಬಿಡೋಣ" ಅಂದರು. ನನಗೆ ರೇಗಿಹೋಯಿತು. ನಾವಿರುವ ಮೀರಾ ಮೆಸಾದಲ್ಲಿ ಕೊತ್ತಂಬರಿ ಸೊಪ್ಪಿಗೂ ಕಾರು, ಪಕ್ಕದ ಬೀದಿಯ ಸತ್ಯನಾರಾಯಣ ಪೂಜೆಗೂ ಕಾರು. ಕೊನೆಗೆ ವಾಕಿಂಗ್ ಮಾಡಲು ಪಾರ್ಕಿಗೆ ಹೋಗುವುದೂ ಕಾರಿನಲ್ಲಿ. "ನಂಗೆ ರೈಲು ಬೇಕು. ಕಿಟಕಿ ಪಕ್ಕ ಕೂತು, ಚುರುಮುರಿ ತಿನ್ಕೊಂಡು, ಆಚೆ ನೋಡ್ಕೊಂಡು ಹೋಗ್ಬೇಕು. 'ಯಾವ ಎಕ್ಸಿಟ್, ಯಾವ ಎಕ್ಸಿಟ್' ಅಂತ ಯಾರೂ ನನ್ನ ಕೇಳ್ಬಾರ್ದು" ಅಂದೆ. ಮೂರು ದಿನ ಮಾತು ಬಿಟ್ಟ ಮೇಲೆ ರಾಜಿಯಾಯಿತು. ರೋಮ್‌ನಿಂದ ಟಸ್ಕನಿಯ ಒಂದು ಪುಟ್ಟ ಊರಿನವರೆಗೆ ರೈಲು. ಅಲ್ಲಿ ಸ್ಟೇಷನ್ ಎದುರಿಗೇ ಬಾಡಿಗೆ ಕಾರು. ಅಲ್ಲಿಂದ ಗುಡ್ಡದ ಮೇಲಿನ ತೋಟದ ಮನೆಗೆ ಅವರ ಡ್ರೈವಿಂಗು, ನನ್ನ ಕಿಟಕಿ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮವರು ರಾಂಚೊ ಬರ್ನಾರ್ಡೊದ ಒಂದು ಟೆಲಿಕಾಂ ಆಫೀಸಿನಲ್ಲಿ ಟೆಸ್ಟಿಂಗ್ ವಿಭಾಗದವರು. ಟೆಸ್ಟ್ ಮಾಡದೆ ಯಾವುದನ್ನೂ ಹೊರಗೆ ಬಿಡುವ ಜಾತಿಯಲ್ಲ. ಮದುವೆಗೆ ಮುಂಚೆ ನನ್ನನ್ನು ನೋಡಲು ಎರಡು ಸಲ ಬಂದಿದ್ದೂ ಇದಕ್ಕೇ ಇರಬೇಕು. "ರೈಲು ಪ್ಲಸ್ ಕಾರು ನಾವು ಯಾವತ್ತೂ ಮಾಡಿಲ್ಲ ಗೀತಾ. ಒಂದ್ಸಲ ಇಲ್ಲೇ ಡ್ರೈ ರನ್ ಮಾಡ್ಬಿಡೋಣ" ಅಂದರು. ಅಂದರೆ ಸ್ಯಾನ್ ಡಿಯಾಗೋದಿಂದ ಲಾಸ್ ಏಂಜಲೀಸ್‌ಗೆ ರೈಲು, ಅಲ್ಲಿ ಬಾಡಿಗೆ ಕಾರು ಹಿಡಿದು, ನಮ್ಮ ದೇಶದವರ ಅಂಗಡಿಗಳೇ ತುಂಬಿರುವ ಆರ್ಟೀಸಿಯಾ. ಲಾಸ್ ಏಂಜಲೀಸೇ ರೋಮ್, ಆರ್ಟೀಸಿಯಾವೇ ಟಸ್ಕನಿ. ಹದಿಮೂರು ವರ್ಷದ ಮಗಳು ಫೋನಿನಿಂದ ತಲೆಯೆತ್ತಿ "ಯು ಗೈಸ್ ಆರ್ ಟೆಸ್ಟಿಂಗ್ ಎ ವೆಕೇಶನ್?" ಎಂದು ಕೇಳಿದಳು.

ಆ ಶನಿವಾರ ಮಾತ್ರ ಸ್ವರ್ಗ. ಎಡಗಡೆ ಸಮುದ್ರ, ತೊಡೆಯ ಮೇಲೆ ಚುರುಮುರಿ ಡಬ್ಬಿ. ಯಜಮಾನರು ಸಮುದ್ರದ ಕಡೆ ನೋಡಲಿಲ್ಲ. ಇದೇ ಹೊತ್ತಿಗೆ ಫ್ರೀವೇಯಲ್ಲಿ ಹೊರಟಿದ್ದರೆ ಎಲ್ಲಿರುತ್ತಿದ್ದೆವು ಎಂದು ಫೋನಿನಲ್ಲಿ ನೋಡುತ್ತಿದ್ದರು. ಬಾಡಿಗೆ ಕಾರಿನ ಕೌಂಟರಿನಲ್ಲಿ ಹುಡುಗಿ ನಗುನಗುತ್ತಾ, ನಾವು ಕೇಳಿದ್ದಕ್ಕಿಂತ ದೊಡ್ಡ ಕಾರೇ ಕೊಟ್ಟಳು. ಆರ್ಟೀಸಿಯಾದಲ್ಲಿ ದೋಸೆ ತಿಂದೆವು, ಕರಿಬೇವು ಕೊಂಡೆವು, ಸೀರೆ ಅಂಗಡಿಗೆ ನಾನು ಬೇಡವೆನ್ನುತ್ತಲೇ ಹೋದೆ. ವಾಪಸ್ ಬಂದ ಮೇಲೆ ಯಜಮಾನರು ಸ್ಪ್ರೆಡ್‌ಶೀಟಿನಲ್ಲಿ ಎಲ್ಲ ಮನೆಗಳಿಗೂ ಹಸಿರು ಬಣ್ಣ ತುಂಬಿ, "ಪಾಸ್" ಎಂದು ಘೋಷಿಸಿದರು.

ಒಂದೇ ಒಂದು ಬಾಕಿ ಉಳಿದಿತ್ತು, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್. ನನ್ನ ಕ್ಯಾಲಿಫೋರ್ನಿಯಾ ಲೈಸೆನ್ಸಿನ ಮೇಲೆ ನನಗೂ ಒಂದು ಮಾಡಿಸಿದರು. "ನಾನ್ಯಾಕೆ ಓಡಿಸಲಿ? ನಾನು ಕಿಟಕಿ" ಎಂದು ಆಡಿಕೊಂಡೆ. ಅವರು ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ "ಬ್ಯಾಕಪ್" ಎಂದು ಚೀಟಿ ಅಂಟಿಸಿದರು.

ಮಗಳನ್ನು ಸಮ್ಮರ್ ಕ್ಯಾಂಪಿಗೆ ಕಳಿಸಿ ಇಟಲಿಗೆ ಹೋದೆವು. ರೋಮ್‌ನಿಂದ ರೈಲು ಸರಿಯಾಗಿಯೇ ಇತ್ತು. ಆದರೆ ಆರ್ಟೀಸಿಯಾಗೆ ನಾವು ಹೋಗಿದ್ದು ಒಂದು ಕೈಚೀಲ ಹಿಡಿದು. ಇಲ್ಲಿ ನಮ್ಮ ಜೊತೆ ನಾಲ್ಕು ಸೂಟ್‌ಕೇಸು, ಅದರಲ್ಲಿ ಒಂದರ ತುಂಬ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ. ಅಷ್ಟನ್ನೂ ಮೆಟ್ಟಿಲಿಳಿಸಿ ಬೆವರು ಸುರಿಸಿಕೊಂಡು ಹೋದರೆ ಕಾರಿನ ಆಫೀಸಿಗೆ ಬೀಗ. ಮಧ್ಯಾಹ್ನದ ಊಟಕ್ಕೆ ಮುಚ್ಚಿದ್ದರು. ಮೂರೂವರೆಗೆ ತೆರೆಯುತ್ತಾರಂತೆ. "ಟೆಸ್ಟ್ ಕೇಸಲ್ಲಿ ಊಟ ಇರ್ಲಿಲ್ಲ" ಎಂದು ಯಜಮಾನರು ಗೊಣಗಿದರು. "ಊಟ ಮಾಡೋ ಜನಾನ ಅಮೆರಿಕದಲ್ಲಿ ನೀವೆಲ್ಲಿ ನೋಡಿದೀರ" ಎಂದು ನಾನೂ ಬಿಡಲಿಲ್ಲ. ಬೆಂಚಿನ ಮೇಲೆ ಕೂತು ಅವಲಕ್ಕಿ ಕಲಸಿದೆ.

ಮೂರೂವರೆ ಅಂದಿದ್ದು ನಾಲ್ಕಾಯಿತು. ಕನ್ನಡಕದ ಹೆಂಗಸೊಬ್ಬರು ಬಂದು ಕೀ ಕೊಟ್ಟರು. ಆಚೆ ನಿಂತಿದ್ದ ಕಾರು ಎಷ್ಟು ಪುಟ್ಟದೆಂದರೆ, ಎರಡು ಸೂಟ್‌ಕೇಸುಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಬೇಕಾಯಿತು. ಅವರು ಬಾಗಿಲು ತೆಗೆದವರು ಹಾಗೇ ನಿಂತುಬಿಟ್ಟರು. ಗೇರ್ ಕಾರು! ಕ್ಯಾಲಿಫೋರ್ನಿಯಾದಲ್ಲಿ ಬುಕ್ ಮಾಡುವಾಗ ಆಟೋಮ್ಯಾಟಿಕ್ ಬೇಕು ಎಂದು ಯಾರೂ ಕೇಳುವುದಿಲ್ಲ, ಅಲ್ಲಿ ಸಿಗುವುದೇ ಅದು. ಇಲ್ಲೂ ಅವರು ಕೇಳಿರಲಿಲ್ಲ. ಆ ಹೆಂಗಸು "ಆಟೋಮ್ಯಾಟಿಕ್?" ಎಂದು ನಕ್ಕು, ನಾಲ್ಕು ದಿನ ಬಿಟ್ಟು ಬನ್ನಿ ಅಂದರು. ತೋಟದ ಮನೆಗೆ ಬಸ್ಸಿಲ್ಲ, ಆ ಊರಲ್ಲಿ ಟ್ಯಾಕ್ಸಿಯಿಲ್ಲ.

ಯಜಮಾನರು ನಿಧಾನವಾಗಿ ನನ್ನ ಕಡೆ ತಿರುಗಿದರು. "ಗೀತಾ, ನಿಂಗೆ ಹೇಗೂ ಗೇರ್ ಬರುತ್ತಲ್ಲ." ಹದಿನೈದು ವರ್ಷ ನಾನೇ ಊದಿದ ತುತ್ತೂರಿ, ಇಲ್ಲವೆನ್ನುವ ಹಾಗಿಲ್ಲ. ಪರ್ಮಿಟ್ ಸೂಟ್‌ಕೇಸಿನ ಅಡಿಯಲ್ಲಿದೆ ಅನ್ನೋಣವೆಂದರೆ, ಅಷ್ಟರಲ್ಲಿ "ಬ್ಯಾಕಪ್" ಅವರ ಜೇಬಿನಿಂದ ಹೊರಗೆ ಬಂದಿತ್ತು.

ಕೂತೆ. ದಾವಣಗೆರೆಯಲ್ಲಿ ಗೇರು ಎಡಗೈಗೆ, ಇಲ್ಲಿ ಬಲಗೈಗೆ. ನನ್ನ ಎಡಗೈ ಅಭ್ಯಾಸಬಲದಿಂದ ಗೇರ್ ಹುಡುಕುತ್ತಾ ಹೋಗಿ ಬಾಗಿಲಲ್ಲಿದ್ದ ಹಿಡಿ ಸಿಕ್ಕಿದ್ದೇ ತಿರುಗಿಸಿತು. ಕಿಟಕಿ ಗಾಜು ಕೆಳಗಿಳಿಯಿತು. "ಕಿಟಕಿ ಬೇಕು ಅಂತಿದ್ದೆ, ಸಿಕ್ತಲ್ಲ" ಅಂದರು ಅವರು, ಬಹಳ ಮೆತ್ತಗೆ. ಸ್ಟೇಷನ್ ಗೇಟು ದಾಟುವುದರೊಳಗೆ ಐದು ಸಲ ಇಂಜಿನ್ ನಿಂತಿತು. ಕಾಫಿ ಅಂಗಡಿಯವರೆಲ್ಲ ಕಪ್ಪು ಹಿಡಿದೇ ಆಚೆ ಬಂದರು. ಒಬ್ಬ ಅಜ್ಜ ಎರಡೂ ಕೈಯೆತ್ತಿ ಮೆಲ್ಲಗೆ, ಮೆಲ್ಲಗೆ ಎಂದು ಸನ್ನೆ ಮಾಡಿದ. ಥೇಟ್ ರುದ್ರಪ್ಪ ಮೇಷ್ಟ್ರೇ, ಕ್ಲಚ್ ತುಳಿಯುವ ಕಾಲೊಂದು ಬಿಟ್ಟು.

ಹೇಗೋ ಊರಾಚೆ ಬಂದೆವು. ಗುಡ್ಡದ ತಿರುವಿನಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂತು, ನಿಲ್ಲಿಸಿದೆ. ಮತ್ತೆ ಹೊರಡಲು ನೋಡಿದರೆ ಕಾರು ಹಿಂದಕ್ಕೆ ಜಾರತೊಡಗಿತು. ಹಿಂದೆ ಒಂದು ವ್ಯಾನು ಹಾರ್ನ್ ಹೊಡೆಯುತ್ತಿದೆ, ಪಕ್ಕದಲ್ಲಿ ಇಳಿಜಾರು. ಹ್ಯಾಂಡ್‌ಬ್ರೇಕ್ ಎಳೆದವಳೇ ಅತ್ತುಬಿಟ್ಟೆ. "ರೀ, ನಂಗೆ ಬರಲ್ಲ. ಅವತ್ತು ಕ್ಲಚ್ ತುಳೀತಿದ್ದಿದ್ದು ನಾನಲ್ಲ, ರುದ್ರಪ್ಪ ಮೇಷ್ಟ್ರು."

"ಗೊತ್ತು" ಅಂದರು ಅವರು. "ನಿಶ್ಚಿತಾರ್ಥದ ದಿನಾನೇ ನಿಮ್ಮಪ್ಪ ಹೇಳಿದ್ರು. 'ಕಾರು ಬರುತ್ತೆ ಅಂತಾಳೆ, ನಂಬಿ ಕೀ ಗೀ ಕೊಟ್ಟೀರಿ' ಅಂತ."

ನನ್ನ ಅಳು ನಿಂತುಹೋಯಿತು. "ಮತ್ತೆ ಇಷ್ಟು ವರ್ಷ ಯಾಕೆ ಸುಮ್ನಿದ್ರಿ?"

"ಹೇಳ್ವಾಗ ನೀನು ಅಷ್ಟು ಖುಷಿಯಾಗಿರ್ತಿದ್ದೆ" ಅಂದರು. "ಈಗ ಕ್ಲಚ್ ಒತ್ತು. ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ನನ್ನ ಸ್ಕೂಟರ್ ಥರಾನೇ, ಕ್ಲಚ್ ಮೆಲ್ಲಗೆ ಬಿಡು. ಹ್ಯಾಂಡ್‌ಬ್ರೇಕ್ ನಾನು ಬಿಡ್ತೀನಿ."

ಹಾಗೆ ಒಂದು ಕಾರನ್ನು ಇಬ್ಬರು ಓಡಿಸಿಕೊಂಡು ಗುಡ್ಡ ಹತ್ತಿದೆವು. ಮುಂದಿನ ಆರು ದಿನ ನನ್ನ ಕಣ್ಣು ರಸ್ತೆ ಬಿಟ್ಟು ಕದಲಲಿಲ್ಲ. ದ್ರಾಕ್ಷಿ ತೋಟವಂತೆ, ಹಳೇ ಕೋಟೆಯಂತೆ, ಸಾಲು ಮರವಂತೆ. ಎಲ್ಲವನ್ನೂ ನೋಡಿದವರು ಅವರು. ನೋಡಿ, ನನ್ನ ಚುರುಮುರಿ ತಿನ್ನುತ್ತಾ ನನಗೆ ವರದಿ ಒಪ್ಪಿಸಿದರು. ನಾನು ಕೇಳಿದ ಮಾತು ಒಂದೇ: "ಯಾವ ಎಕ್ಸಿಟ್?"

ಸ್ಯಾನ್ ಡಿಯಾಗೋಗೆ ವಾಪಸ್ ಬಂದ ಮರುವಾರ ರಾಂಚೊ ಬರ್ನಾರ್ಡೊದಲ್ಲಿ ಪಾಟ್‌ಲಕ್. ಪಾಟ್‌ಲಕ್ ಇಟ್ಟುಕೊಂಡಿದ್ದ ಮನೆಯ ಸುಮಾ "ಟಸ್ಕನಿ ಹೇಗಿತ್ತು ಗೀತಾ?" ಎಂದು ಕೇಳಿದಳು. ನಿಜ ಹೇಳಬೇಕೆಂದರೆ ನಾನು ಕಂಡ ಟಸ್ಕನಿ ಪೂರ್ತಿ ಎರಡನೇ ಗೇರಿನಲ್ಲಿತ್ತು. ಮೂರನೆಯದಕ್ಕೆ ಹೋಗುವ ಧೈರ್ಯ ಕೊನೆಯ ದಿನದವರೆಗೂ ಬರಲಿಲ್ಲ. ಇನ್ನು ಮೇಲೆ ಜಂಬ ಕೊಚ್ಚಬಾರದೆಂದು ವಿಮಾನದಲ್ಲೇ ಆಣೆ ಮಾಡಿಕೊಂಡಿದ್ದೆ. ಆದರೂ ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು.

"ಏನ್ ಕೇಳ್ತೀಯಾ ಸುಮಾ, ಗುಡ್ಡದ ರಸ್ತೆ. ಇವರಿಗೆ ಆಟೋಮ್ಯಾಟಿಕ್ ಬಿಟ್ರೆ ಬರಲ್ವಲ್ಲ! ಆರು ದಿನಾನೂ ಗೇರ್ ಕಾರ್ ಓಡಿಸಿದ್ದು ನಾನೇ."

ಜನ ಹೋ ಎಂದರು. ನಾನು ಮೆಲ್ಲಗೆ ಯಜಮಾನರ ಕಡೆ ನೋಡಿದೆ. ಅವರು ತಲೆ ತಗ್ಗಿಸಿ ಮೊಸರನ್ನ ತಿನ್ನುತ್ತಿದ್ದರು.