ತೀರ್ಥ ತುಂಬಿದ ಯಂತ್ರವನ್ನು ತೊಳೆಯಲು ಅನುಮತಿ ಕೋರಿ

ಇಂದ:
ರೊದಿಯೋನ್ ಸಾವೆಲ್ಯೇವಿಚ್ ಕೊಪಿಲೊವ್,
ಹಿರಿಯ ಎಂಜಿನಿಯರ್, ದೂರು ವಿಭಾಗ, ವಸತಿಗಳ ನಿರ್ವಹಣಾ ಕಚೇರಿ,
ಹಾಗೂ ತಮ್ಮ ಏಕೈಕ ಅಳಿಯ,
ಮನೆ ಸಂಖ್ಯೆ 44, ಮೂರನೇ ಮಹಡಿ, ಅಡುಗೆಮನೆ ಪಕ್ಕದ ಕೋಣೆ, ಬರ್ನಾವುಲ್, ಸೈಬೀರಿಯಾ.

ಗೆ:
ಶ್ರೀಮತಿ ಕಪಿತೊಲಿನಾ ಪ್ರೋಖೊರೊವ್ನಾ ಝೆರ್ನಕೋವಾ,
ಇಗರ್ಜಿಯ ಗಾಯನ ಮೇಳದ ಹಿರಿಯ ಗಾಯಕಿ,
ಸದರಿ ಮನೆಯ ಮಾಲೀಕರು ಹಾಗೂ ಅತ್ತೆಯವರು,
ಅದೇ ಮನೆ, ಕಿಟಕಿ ಕಡೆಯ ಕೋಣೆ (ಬಾಗಿಲು ಹಾಕಿದೆ).

ವಿಷಯ: ಗಾಳಿಗೆ ತೇವ ಕೊಡುವ ಯಂತ್ರದ ತೊಟ್ಟಿಯಲ್ಲಿರುವ ತೀರ್ಥವನ್ನು ವಿಲೇವಾರಿ ಮಾಡಿ ಯಂತ್ರ ತೊಳೆಯಲು ಅನುಮತಿ ಹಾಗೂ ತಮ್ಮ ಮೌನದ ಬಗ್ಗೆ.

ಉಲ್ಲೇಖ: 1. ತಮ್ಮ ಅರ್ಜಿ ಸಂಖ್ಯೆ 417, ದಿನಾಂಕ 2 ಡಿಸೆಂಬರ್.
2. ಸದರಿ ಅರ್ಜಿಗೆ ಈ ಅರ್ಜಿದಾರನೇ ಸಹಿ ಮಾಡಿದ ಉತ್ತರ, ದಿನಾಂಕ 5 ಡಿಸೆಂಬರ್.
3. ಫೆಬ್ರವರಿ 16ರಂದು ತಾವು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿ.

ಮಾನ್ಯರೇ,

ಉಲ್ಲೇಖ (3)ರ ಚೀಟಿಯಲ್ಲಿ ತಾವು, "ಇನ್ಮೇಲೆ ನನ್ ಹತ್ರ ಏನಿದ್ರೂ ಅರ್ಜಿ ಬರೆದು ಕೊಡು, ನಿಮ್ ಆಫೀಸಲ್ಲಿ ಮಾಡೋ ಹಾಗೆ. ಬಾಯಲ್ಲಿ ಒಂದ್ ಮಾತೂ ಬೇಡ" ಎಂದು ಆದೇಶಿಸಿದ್ದೀರಷ್ಟೆ. ಅದರಂತೆ ಇದನ್ನು ಸಲ್ಲಿಸಲಾಗಿದೆ. ಈ ಬರಹದುದ್ದಕ್ಕೂ ಅರ್ಜಿದಾರನೆಂದರೆ ರೊದಿಯೋನ್ ಎಂದೇ ತಿಳಿಯತಕ್ಕದ್ದು. "ನಾನು" ಎಂದು ಬರೆಯಲು ಎರಡು ಸಲ ಪ್ರಯತ್ನಿಸಿ ಕಾಗದ ಹರಿದು ಹಾಕಲಾಯಿತು. ಕಚೇರಿಯ ಭಾಷೆಯಲ್ಲಾದರೆ ಬರಹ ಮುಂದೆ ಸಾಗುತ್ತದೆ.

1. ಅರ್ಜಿದಾರನು ಹದಿನಾಲ್ಕು ವರ್ಷದಿಂದ ತಮ್ಮ ಮನೆಅಳಿಯನಾಗಿದ್ದು, ಹನ್ನೊಂದು ವರ್ಷದಿಂದ ಈ ಬಡಾವಣೆಯ ಚಳಿಗಾಲದ ದೂರುಗಳಿಗೆ ಉತ್ತರ ಬರೆಯುತ್ತಿರುತ್ತಾನೆ. ಅಕ್ಟೋಬರಿನಲ್ಲಿ ಮನೆ ಬಿಸಿಮಾಡುವ ರೇಡಿಯೇಟರುಗಳಿಗೆ ಬಿಸಿನೀರು ಬಿಟ್ಟರೆ ಮೇ ತಿಂಗಳವರೆಗೆ ಅದನ್ನು ನಿಲ್ಲಿಸುವ ಶಕ್ತಿ ಯಾರಿಗೂ ಇಲ್ಲ, ತಿರುಗಿಸಲು ಅದಕ್ಕೆ ನಲ್ಲಿಯೇ ಇಲ್ಲ. ಹೊರಗೆ ಮೈನಸ್ ಮೂವತ್ತು, ಒಳಗೆ ಬರೀ ಬನಿಯನ್ನಿನಲ್ಲಿರುವ ಸೆಕೆ, ಒಣ ಗಾಳಿ. ಜನರ ತುಟಿ ಒಡೆಯುತ್ತದೆ, ಮೂಗಲ್ಲಿ ರಕ್ತ ಬರುತ್ತದೆ, ಬೀರುವಿನ ಬಾಗಿಲು ಸೀಳುತ್ತದೆ, ಅವರು ಅರ್ಜಿ ಬರೆಯುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಹೋಗುತ್ತದೆ: "ತಮ್ಮ ಮನೆಯ ಉಷ್ಣತೆ ನಿಯಮದಂತಿದೆ. ಗಾಳಿಯ ತೇವ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ. ರೇಡಿಯೇಟರ್ ಮೇಲೆ ಒದ್ದೆ ಟವೆಲ್ ಹರವಿಕೊಳ್ಳತಕ್ಕದ್ದು."

2. ತಾವು ಮೂವತ್ತೊಂದು ವರ್ಷದಿಂದ ಇಗರ್ಜಿಯ ಮೇಳದಲ್ಲಿ ತಗ್ಗಿನ ದನಿಯಲ್ಲಿ ಹಾಡುವವರು. ಕಳೆದ ನವೆಂಬರಿನಿಂದ ತಮ್ಮ ಗಂಟಲು ಕಟ್ಟಿಕೊಂಡಿತು. ಆಗ ತಾವು ಅಳಿಯನಿಗೆ ಮನೆಯಲ್ಲೇ ಹೇಳಬಹುದಾಗಿದ್ದನ್ನು ಹೇಳದೆ, ಸಾರ್ವಜನಿಕರ ಸಾಲಿನಲ್ಲಿ ನಿಂತು, ನಮ್ಮ ಕಚೇರಿಯ ಕಿಟಕಿ ಸಂಖ್ಯೆ 2ರಲ್ಲಿ ಅರ್ಜಿ ಕೊಟ್ಟಿರಿ. ಅರ್ಜಿದಾರನು ಡಿಸೆಂಬರ್ 5ರಂದು ನಲವತ್ತು ಉತ್ತರಗಳಿಗೆ ಒಟ್ಟಿಗೆ ಸಹಿ ಹಾಕಿದನು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ಅವನದು, ಹೆಸರು ನೋಡಲಿಲ್ಲ. ಉತ್ತರವು ರಿಜಿಸ್ಟರ್ಡ್ ಅಂಚೆಯಲ್ಲಿ ಇದೇ ಮನೆಗೆ ಬಂತು. ತಾವು ಅದನ್ನು ಊಟದ ಮೇಜಿನ ಮೇಲೆ, ಪೆಲ್ಮೆನಿ ಕಡುಬಿನ ತಟ್ಟೆಯ ಪಕ್ಕದಲ್ಲಿಟ್ಟು ಗಟ್ಟಿಯಾಗಿ ಓದಿದಿರಿ.

"ಏನಪ್ಪಾ ಅಳಿಯ, ಇದು ನಿನ್ ಸಹೀನೇ ತಾನೆ?"

"ಹೌದು ಕಪಿತೊಲಿನಾ ಪ್ರೋಖೊರೊವ್ನಾ, ಆದ್ರೆ ಅದು ಏನಾಯ್ತು ಅಂದ್ರೆ..."

"ಒದ್ದೆ ಟವೆಲ್ ಹಾಕ್ಕೋಬೇಕಂತೆ! ಈ ಮನೇಗೆ ಬಂದಾಗ್ನಿಂದ ಅದನ್ನೇ ಹಾಕ್ತಾ ಇದೀನಲ್ಲೋ. ನಿನ್ ತಲೆ ಹಿಂದೇನೇ ಇದೆ, ತಿರುಗಿ ನೋಡು."

ತಿರುಗಿ ನೋಡಲಾಯಿತು. ಟವೆಲ್ ಇತ್ತು, ಒಣಗಿ ಹಪ್ಪಳವಾಗಿತ್ತು.

"ಸ್ವಂತ ಅಳಿಯನ ಕೈಲಿ ರಿಜಿಸ್ಟರ್ಡ್ ಪೋಸ್ಟಲ್ಲಿ ಇಲ್ಲ ಅನ್ನಿಸ್ಕೊಂಡೋಳು ಇಡೀ ಸೈಬೀರಿಯಾದಲ್ಲಿ ನೀನೊಬ್ಳೇ ಕಣಮ್ಮ" ಎಂದು ತಮ್ಮ ಮಗಳೂ ಅರ್ಜಿದಾರನ ಹೆಂಡತಿಯೂ ಆದ ರಿಮ್ಮಾ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ತಾವು ನಗಲಿಲ್ಲ. ಅರ್ಜಿದಾರನು ಎದ್ದು ಟವೆಲ್ ಒದ್ದೆ ಮಾಡಿ ತಂದು ಹರವಿದನು.

3. ಕಾರಣ, ಡಿಸೆಂಬರ್ 7ರಂದು ಯಂತ್ರ ಖರೀದಿಗೆ ಹೋಗಲಾಯಿತು. ತಾವೂ ಬಂದಿರಿ. ಅಂಗಡಿಯಲ್ಲಿ ಬಿಳಿ ಹೊಗೆಯಂತೆ ಮಂಜು ಉಗುಳುವ, ನೀಲಿ ದೀಪದ ಯಂತ್ರವೊಂದು ತಮಗೆ ಮೊದಲ ನೋಟದಲ್ಲೇ ಹಿಡಿಸಿತು. "ನೋಡು, ಇದು ಕೆಲಸ ಮಾಡೋದು ಕಣ್ಣಿಗೆ ಕಾಣತ್ತೆ" ಎಂದಿರಿ. ಅದನ್ನೇ ತಂದದ್ದಾಯಿತು. ನಮ್ಮ ನಲ್ಲಿ ನೀರಿನ ಸುಣ್ಣವೆಲ್ಲ ಆ ಮಂಜಿನ ಜೊತೆ ಹಾರಿ, ಮೂರೇ ದಿನದಲ್ಲಿ ಟಿವಿ, ಪಿಯಾನೊ ಹಾಗೂ ತಮ್ಮ ಕೋಣೆಯ ಮೂಲೆಯ ಸಂತ ನಿಕೊಲಾಯ್ ಅವರ ಪಟದ ಮುಖದ ಮೇಲೆ ಬಿಳಿ ಪುಡಿ ಕೂತಿತು. ಸಂತರಿಗೆ ಪೌಡರು ಬಳಿದ ಅಪರಾಧಕ್ಕಾಗಿ ಅದನ್ನು ವಾಪಸು ಮಾಡಿ, ಬೇರೆ ಜಾತಿಯ ಯಂತ್ರ ತರಲಾಯಿತು. ಇದರಲ್ಲಿ ಒಂದು ತೊಟ್ಟಿ, ನೀರು ಹೀರುವ ದಪ್ಪ ಫಿಲ್ಟರ್, ಅದರ ಮೂಲಕ ಗಾಳಿ ಊದುವ ಒಂದು ಫ್ಯಾನು. ಒದ್ದೆ ಬಟ್ಟೆ ಗಾಳಿಗೆ ಒಣಗುವ ಹಾಗೆ ನೀರು ತಾನೇ ಆವಿಯಾಗುತ್ತದೆ, ಸುಣ್ಣ ಫಿಲ್ಟರಿನಲ್ಲೇ ಉಳಿಯುತ್ತದೆ. ಕೋಣೆಯ ಅಳತೆ ಹದಿನೆಂಟು ಚದರ ಮೀಟರ್ ಎಂದು ಲೆಕ್ಕ ಹಾಕಿ, ಇಪ್ಪತ್ತೈದಕ್ಕೆ ಸಾಲುವಂಥದ್ದನ್ನೇ ಆರಿಸಲಾಯಿತು. ಆದರೆ ಕಣ್ಣಿಗೆ ಏನೂ ಕಾಣುವುದಿಲ್ಲ.

"ಎಲ್ಲೋ ಮಂಜು?" ಎಂದು ತಾವು ಅದರ ಮೇಲೆ ಕೈಯಾಡಿಸಿದಿರಿ.

"ಇದ್ರಲ್ಲಿ ಮಂಜು ಬರಲ್ಲ."

"ಹಂಗಾದ್ರೆ ಬಕೆಟ್ಟಿಗೆ ಫ್ಯಾನ್ ಇಟ್ಟು ನಿನ್ ತಲೆಗೆ ಕಟ್ಟಿದಾರೆ. ಓದಿದೋನ್ ಬೇರೆ!"

ತೇವ ಅಳೆಯುವ ಪುಟ್ಟ ಮಾಪಕ ಮೊದಲ ದಿನ ಶೇಕಡಾ ಹದಿನಾಲ್ಕು ತೋರಿಸಿತ್ತು, ವಾರದೊಳಗೆ ನಲವತ್ತೆಂಟಕ್ಕೆ ಬಂತು. ತಾವು ಮಾಪಕವೂ ಅದೇ ಅಂಗಡಿಯದು ಎಂದು ತಳ್ಳಿಹಾಕಿದಿರಿ. ಆದರೂ ಕೆಮ್ಮು ಕಡಿಮೆಯಾದದ್ದನ್ನು ರಿಮ್ಮಾ ಗಮನಿಸಿರುತ್ತಾಳೆ.

4. ಯಂತ್ರದ ಆರೈಕೆ ಅರ್ಜಿದಾರನ ಪಾಲಿಗೆ ಬಂತು. ದಿನಾ ನೀರು ಬದಲಿಸುವುದು, ಪ್ರತಿ ಶನಿವಾರ ತೊಟ್ಟಿ ಖಾಲಿ ಮಾಡಿ, ಚಹಾದ ಕೆಟಲ್ ತೊಳೆಯುವ ಅದೇ ನಿಂಬೆಉಪ್ಪಿನ ನೀರಿನಲ್ಲಿ ಫಿಲ್ಟರ್ ನೆನೆಹಾಕಿ, ಹಿಂಡದೆ, ತಟ್ಟದೆ, ತೊಳೆದು ಇಡುವುದು. ಆರು ಶನಿವಾರ ಇದು ತಪ್ಪಲಿಲ್ಲ. ಹೆಂಡತಿಯ ಹುಟ್ಟುಹಬ್ಬ ಮರೆತವನು ಇದನ್ನು ಮರೆಯಲಿಲ್ಲ ಎಂಬ ಮಾತು ಮನೆಯಲ್ಲಿ ಬಂದಿದ್ದು, ಅದು ಈ ಅರ್ಜಿಗೆ ಸಂಬಂಧಿಸಿರುವುದಿಲ್ಲ.

5. ಜನವರಿ 19, ಪ್ರಭುವಿನ ದೀಕ್ಷಾಸ್ನಾನದ ಹಬ್ಬ. ತಾವು ಮೈನಸ್ ಮೂವತ್ತೊಂದರ ಚಳಿಯಲ್ಲಿ ಇಗರ್ಜಿಯ ಮುಂದೆ ಎರಡು ತಾಸು ಸಾಲಿನಲ್ಲಿ ನಿಂತು, ಐದು ಲೀಟರಿನ ಎರಡು ಕ್ಯಾನುಗಳಲ್ಲಿ ತೀರ್ಥ ತಂದಿರಿ. ಆ ದಿನದ ತೀರ್ಥ ವರ್ಷವಿಡೀ ಕೆಡುವುದಿಲ್ಲವೆಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಮರುದಿನದಿಂದ ತಾವು ಅದನ್ನು ಸ್ವಲ್ಪ ಸ್ವಲ್ಪವಾಗಿ ಯಂತ್ರದ ತೊಟ್ಟಿಗೆ ಸುರಿಯತೊಡಗಿದಿರಿ. ಶನಿವಾರ ಅರ್ಜಿದಾರ ನಿಂಬೆಉಪ್ಪು ಹಿಡಿದು ಬಂದರೆ, "ಕೈ ತೆಗಿ! ಅದ್ರಲ್ಲಿರೋದು ಕೆಡೋ ನೀರಲ್ಲ. ತೊಳ್ಯೋ ಅಗತ್ಯ ಇಲ್ಲ" ಎಂದು ಅಡ್ಡ ನಿಂತಿರಿ. ಕೆಡದ ನೀರಿಗೂ ಸುಣ್ಣ ಕಟ್ಟುವುದು ತಪ್ಪಲಿಲ್ಲ. ನಾಲ್ಕನೇ ವಾರಕ್ಕೆ ಫಿಲ್ಟರ್ ಲೋಳೆಯಾಗಿ, ಕೋಣೆಯಲ್ಲಿ ಹಳೇ ನೆಲಮಾಳಿಗೆಯ ವಾಸನೆ ಬಂತು.

6. ಫೆಬ್ರವರಿ 16, ಭಾನುವಾರ. ತಾವು ಇಗರ್ಜಿಗೆ ಹೋಗಿದ್ದಿರಿ. ಅರ್ಜಿದಾರನು ತೊಟ್ಟಿಯನ್ನು ಬಚ್ಚಲಿಗೆ ಒಯ್ದು ಸುರಿದನು. ತೀರ್ಥವನ್ನು ಚರಂಡಿಗೆ ಬಿಡಬಾರದು, ಯಾರೂ ತುಳಿಯದ ನೆಲಕ್ಕೇ ಸುರಿಯಬೇಕು ಎಂಬುದು ಅವನಿಗೆ ತಿಳಿಯದ್ದೇನಲ್ಲ. ತೊಳೆದ ಫಿಲ್ಟರ್ ಬೆಳ್ಳಗೆ ಹೊಳೆಯುತ್ತಿದ್ದುದನ್ನು ನೋಡಿ ಅವನು ಶಿಳ್ಳೆ ಹಾಕುತ್ತಿದ್ದಾಗ ತಾವು ಬಾಗಿಲಲ್ಲಿ ನಿಂತಿದ್ದಿರಿ. ಬೋರಲು ಹಾಕಿದ ತೊಟ್ಟಿ ನೋಡಿದಿರಿ, ಅವನನ್ನು ನೋಡಿದಿರಿ, ಒಂದು ಮಾತೂ ಆಡದೆ ಒಳಗೆ ಹೋದಿರಿ. ಹತ್ತು ನಿಮಿಷಕ್ಕೆ ಉಲ್ಲೇಖ (3)ರ ಚೀಟಿ ಬಿತ್ತು.

7. ಅಂದಿನಿಂದ ಮನೆಯಲ್ಲಿ ಚೀಟಿಗಳೇ. "ಬ್ರೆಡ್ಡು ತಾ. ಕರೀದು." "ಸಾರಿಗೆ ಉಪ್ಪು ನಿಮ್ಮಪ್ಪ ಹಾಕ್ತಾನಾ?" ಮಗಳ ಜೊತೆಗೂ ಮಾತಿಲ್ಲ. "ನಾನೇನಮ್ಮ ಸುರಿದಿದ್ದು?" ಎಂದು ರಿಮ್ಮಾ ಕೇಳಿದರೆ, "ನಿನ್ ಗಂಡ ತಾನೆ" ಎಂದು ಬರೆದು ಕೊಟ್ಟಿರಿ. ತಾವು ಉಳಿದ ತೀರ್ಥವನ್ನೆಲ್ಲ ಮತ್ತೆ ತೊಟ್ಟಿಗೆ ತುಂಬಿ, ಕಡಿಮೆಯಾದಷ್ಟು ನಲ್ಲಿ ನೀರು ಬೆರೆಸುತ್ತ ಬಂದಿರಿ. ಮೂರು ವಾರದಿಂದ ಅದು ಅರ್ಜಿದಾರನಿಗೆ ಬಿಸಿ ತುಪ್ಪವಾಗಿದೆ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಫಿಲ್ಟರ್ ಮತ್ತೆ ಲೋಳೆ ಕಟ್ಟಿದೆ. ಹೊಲಸು ಫಿಲ್ಟರಿನ ಗಾಳಿ ಗಂಟಲಿಗೆ ಒಣಗಾಳಿಗಿಂತ ಕೆಟ್ಟದ್ದು.

8. ನಿನ್ನೆ, ಮಾರ್ಚ್ 8, ಹೆಂಗಸರ ಹಬ್ಬ. ಅರ್ಜಿದಾರನು ತಂದ ಹಳದಿ ಮಿಮೋಸ ಹೂವನ್ನು ತಾವು ತೆಗೆದುಕೊಂಡು, "ಸರಿ" ಎಂದು ಬರೆದು, ಪಕ್ಕದ ಮನೆಗೆ ಹೋದಿರಿ. ಹೊಸ ಫಿಲ್ಟರಿನ ನಂಬರು ಬೇಕಾಗಿ ಅವನು ಯಂತ್ರದ ಕೈಪಿಡಿ ಹುಡುಕುತ್ತ, ಅನುಮತಿಯಿಲ್ಲದೆ ತಮ್ಮ ಕೋಣೆಗೆ ಕಾಲಿಟ್ಟಿರುತ್ತಾನೆ. ಇದಕ್ಕೆ ಕ್ಷಮೆ ಇರಲಿ. ಕೈಪಿಡಿ ತಮ್ಮ ಪ್ರಾರ್ಥನೆ ಪುಸ್ತಕದ ಕೆಳಗೆ ಸಿಕ್ಕಿತು. ಬಕೆಟ್ಟಿಗೆ ಫ್ಯಾನ್ ಇಟ್ಟಿದಾರೆ ಎಂದು ನಕ್ಕವರು ಅದನ್ನು ಮೊದಲಿಂದ ಕೊನೆಯವರೆಗೆ ಓದಿ, ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೀರಿ. "ತೇವಾಂಶ ಐವತ್ತರಿಂದ ಅರವತ್ತು" ಎಂಬಲ್ಲಿ ಎರಡು ಗೆರೆ. ಅದೇ ಪುಟದಲ್ಲಿ ಆಸ್ಪತ್ರೆಯ ಒಂದು ಕಾಗದವಿತ್ತು.

9. ಸದರಿ ಕಾಗದದ ಸಾರಾಂಶ: ದಿನಾಂಕ 14 ಫೆಬ್ರವರಿ. ಧ್ವನಿಪೆಟ್ಟಿಗೆಯಲ್ಲಿ ಗಂಟು. ಮೂರು ವಾರ ಸಂಪೂರ್ಣ ಮೌನ, ಪಿಸುಮಾತೂ ಕೂಡದು. ಮಾರ್ಚ್ 7ರಂದು ಮರುಪರೀಕ್ಷೆ, ಗಂಟು ಉಳಿದಿದ್ದರೆ ಚೂರು ತೆಗೆದು ತಪಾಸಣೆಗೆ ಕಳಿಸುವುದು.

10. ಅಂದರೆ, ಶುಕ್ರವಾರ ವೈದ್ಯರು ಮಾತಾಡಬೇಡಿ ಎಂದರು. ಮಾತಾಡದಿರಲು ಮನೆಯವರಿಗೆ ಏನು ಕಾರಣ ಹೇಳುವುದೆಂದು ತಾವು ಯೋಚಿಸುತ್ತಿದ್ದಾಗ, ಭಾನುವಾರ ಈ ದಡ್ಡ ಆ ಕಾರಣವನ್ನು ಬಚ್ಚಲಲ್ಲಿ ಸುರಿದು ಒದಗಿಸಿದನು. ರೋಗಿ ಅನ್ನಿಸಿಕೊಳ್ಳುವುದಕ್ಕಿಂತ ಸಿಟ್ಟಿನವಳು ಅನ್ನಿಸಿಕೊಳ್ಳುವುದು ತಮಗೆ ಹಗುರವಾಯಿತು. ತೊಟ್ಟಿಗೆ ತೀರ್ಥ ಸುರಿದದ್ದು ತೊಳೆಯುವುದನ್ನು ತಪ್ಪಿಸಲಿಕ್ಕಲ್ಲ, ಹಟಕ್ಕೂ ಅಲ್ಲ. ದನಿ ಉಳಿಯಲಿ ಎಂದು ತಾವು ಅದನ್ನು ಉಸಿರಾಡುತ್ತಿದ್ದಿರಿ. ಅದನ್ನು ಅರ್ಜಿದಾರ ಶಿಳ್ಳೆ ಹಾಕುತ್ತ ಚರಂಡಿಗೆ ಬಿಟ್ಟನು. ಅಯ್ಯೋ, ಇದನ್ನು ಬರೆಯಲು ಕಚೇರಿ ಭಾಷೆಯಲ್ಲಿ ಪದವಿಲ್ಲ.

11. ಇಂದು ಮಾರ್ಚ್ 9. ಮೂರು ವಾರ ಮುಗಿದು ಎರಡು ದಿನವಾಯಿತು. ಆಸ್ಪತ್ರೆಗೆ ಫೋನ್ ಮಾಡಿ ವಿಚಾರಿಸಲಾಗಿ, 7ರಂದು ತಾವು ಹೋಗಲಿಲ್ಲವೆಂದು ತಿಳಿದುಬಂದಿದೆ. ಈಗಿನ ಮೌನ ವೈದ್ಯರ ಆದೇಶವಲ್ಲ, ಸಿಟ್ಟೂ ಅಲ್ಲ. ಬಾಯಿ ತೆರೆದರೆ ಏನು ಬರುತ್ತದೋ, ಏನೂ ಬರದಿದ್ದರೆ ಏನು ಗತಿ ಎಂಬ ಹೆದರಿಕೆ. ಅರ್ಜಿದಾರನಿಗೂ ಅದೇ ಹೆದರಿಕೆ ಇರುತ್ತದೆ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಈ ಕೆಳಗಿನಂತೆ ಕೋರಲಾಗಿದೆ:

(ಅ) ತೊಟ್ಟಿಯಲ್ಲಿರುವ ತೀರ್ಥವನ್ನು ಇಗರ್ಜಿಯ ಹಿಂದಿನ ಸ್ಪ್ರೂಸ್ ಮರದ ಬುಡಕ್ಕೆ ಸುರಿಯಲು ಅನುಮತಿ ಕೊಡುವುದು. ಪಾದ್ರಿಗಳನ್ನು ಕೇಳಲಾಗಿದ್ದು, "ಅಲ್ಲಿ ಯಾರೂ ಕಾಲಿಡಲ್ಲ, ಸೊಂಟದ ತನಕ ಹಿಮ ಇದೆ. ನೀನು ಹೋಗೋದಾದ್ರೆ ಸಲಿಕೆ ತಗೊಂಡು ಹೋಗು" ಎಂದಿರುತ್ತಾರೆ. ಸಲಿಕೆ ತರಲಾಗಿದೆ.

(ಆ) ಹೊಸ ಫಿಲ್ಟರ್ ಹಾಕಿ, ಇನ್ನು ಮುಂದೆ ಪ್ರತಿ ಶನಿವಾರ ತಮ್ಮ ಕಣ್ಣೆದುರಿಗೇ ತೊಳೆಯಲು ಒಪ್ಪುವುದು. ತೀರ್ಥವನ್ನು ತೊಟ್ಟಿಗೆ ಬದಲು ಲೋಟಕ್ಕೆ ಹಾಕಿ ಕುಡಿಯಬಹುದೇ ಎಂದು ಪರಿಶೀಲಿಸುವುದು.

(ಇ) ಉಲ್ಲೇಖ (2)ರ ಉತ್ತರವನ್ನು ಈ ಮೂಲಕ ರದ್ದುಪಡಿಸಲಾಗಿದೆ. ತಮ್ಮ ಗಂಟಲು ಈ ಅರ್ಜಿದಾರನ ವ್ಯಾಪ್ತಿಗೆ ಬರುತ್ತದೆ.

(ಈ) ಮರುಪರೀಕ್ಷೆಯನ್ನು ಬುಧವಾರ, ಮಾರ್ಚ್ 12, ಬೆಳಿಗ್ಗೆ 9.20ಕ್ಕೆ, ಕೋಣೆ ಸಂಖ್ಯೆ 31ಕ್ಕೆ ಮತ್ತೆ ಗೊತ್ತುಮಾಡಲಾಗಿದೆ. ಅರ್ಜಿದಾರನು ಆ ದಿನ ರಜೆ ಹಾಕುತ್ತಾನೆ. ರಿಮ್ಮಾಗೆ ಇನ್ನೂ ತಿಳಿಸಿಲ್ಲ. ಹೇಳುವುದೋ ಬಿಡುವುದೋ ತಮ್ಮ ಚಿತ್ತ.

ತಮ್ಮ ವಿಶ್ವಾಸಿ (ವಿಶ್ವಾಸ ಇನ್ನೂ ಉಳಿದಿದ್ದಲ್ಲಿ),
ರೊದಿಯೋನ್ ಕೊಪಿಲೊವ್
(ಹೆಸರು ನೋಡಿ, ಪೂರ್ತಿ ಓದಿ ಸಹಿ ಮಾಡಲಾಗಿದೆ)

ಅಡಕಗಳು:
1. ಹೊಸ ಫಿಲ್ಟರ್, ಒಂದು.
2. ನಿಂಬೆಉಪ್ಪು, ಎರಡು ಪೊಟ್ಟಣ.
3. ಆಸ್ಪತ್ರೆಯ ಕಾಗದ, ಸಿಕ್ಕಲ್ಲೇ ಬಿಡಬೇಕಾಗಿದ್ದದ್ದು, ಮಡಿಕೆ ಹಾಳಾಗದಂತೆ ವಾಪಸು.
4. ಗಂಟಲಿಗೆ ಉರಿಯಾಗದಂತೆ ಉಪ್ಪು ಕಡಿಮೆ ಹಾಕಿದ ಸಾರು, ಒಂದು ಬಟ್ಟಲು, ಬಾಗಿಲ ಹೊರಗೆ ಇಟ್ಟಿದೆ, ಆರುವುದರೊಳಗೆ ಕುಡಿಯತಕ್ಕದ್ದು.

ಕೊನೆಯ ಕೋರಿಕೆ: ಈ ಅರ್ಜಿಗೆ ಬಾಯಿಮಾತಿನ ಉತ್ತರ ಬೇಕಿಲ್ಲ, ಚೀಟಿಯೂ ಬೇಕಿಲ್ಲ. ಒಪ್ಪಿಗೆ ಇದ್ದಲ್ಲಿ ಬುಧವಾರ ಬೆಳಿಗ್ಗೆ ಎಂಟೂವರೆಗೆ ಕೋಟು ಹಾಕಿಕೊಂಡು, ಕುತ್ತಿಗೆಗೆ ಶಾಲು ಸುತ್ತಿಕೊಂಡು, ಮುಂಬಾಗಿಲ ಬಳಿ ನಿಲ್ಲತಕ್ಕದ್ದು. ಒಪ್ಪಿಗೆ ಇಲ್ಲದಿದ್ದಲ್ಲಿ ಗುರುವಾರ ನಿಲ್ಲತಕ್ಕದ್ದು. ಅರ್ಜಿದಾರನು ಎರಡೂ ದಿನ ಎಂಟು ಗಂಟೆಯಿಂದಲೇ ಅಲ್ಲಿರುತ್ತಾನೆ.