ಎಡಗಾಲಿಗೆ ಏರಲೊಪ್ಪದ ರಬ್ಬರ್ ಬಳೆಯವರಿಗೆ

ಮಾನ್ಯರೇ,

ಹಾಗಾಗಿ ನಿನ್ನೆ ಶೆಡ್ಡಿನ ಬಾಗಿಲು ಎಳೆಯುತ್ತ ತಮಗೆ ಹೇಳುತ್ತಿದ್ದೆನಲ್ಲ, ತಮ್ಮ ಮೂವರು ಒಡಹುಟ್ಟಿದವರು ಯಾವ ತಕರಾರೂ ಇಲ್ಲದೆ ಕೊಕ್ಕೆ ಏರಿ ಕೂತಿರುವಾಗ ತಾವೊಬ್ಬರೇ ಮುನಿಸಿಕೊಂಡ ಬೀಗರಂತೆ ಬೆಂಚಿನ ಮೇಲೆ ಮಲಗಿರುವುದು ಮನೆತನಕ್ಕೆ ಶೋಭೆಯಲ್ಲ ಎಂದು, ಆ ಮಾತು ಮುಗಿಯುವಷ್ಟರಲ್ಲಿ ಊಟಕ್ಕೆ ಕರೆ ಬಂದು ಅರ್ಧಕ್ಕೇ ನಿಂತಿತ್ತು; ಅದನ್ನೀಗ ಬರಹದಲ್ಲಿ ಮುಂದುವರಿಸುತ್ತಿದ್ದೇನೆ. ಮೊದಲು ಅನಂತ ವಂದನೆಗಳು. ತಮ್ಮ ಬಿಗಿತನ ಕುಶಲವೆಂದು ನಂಬಿದ್ದೇನೆ. ಇತ್ತ ನಾನೂ ಕ್ಷೇಮ, ಬಲಗಿವಿಯೊಂದನ್ನು ಬಿಟ್ಟು. ಈ ದಿನ ಬೆಳಿಗ್ಗೆ ತಾವು ಸನ್ನೆಗೋಲಿನಿಂದ ಜಿಗಿದು ಬಂದು ಖುದ್ದಾಗಿ ಅದರ ಯೋಗಕ್ಷೇಮ ವಿಚಾರಿಸಿದಾಗಿನಿಂದ ಅದು ಎಲ್ಲ ಮಾತನ್ನೂ ದೂರದ ಕಾರ್ಖಾನೆಯ ಸೈರನ್ನಿನಂತೆ ಕೇಳಿಸಿಕೊಳ್ಳುತ್ತಿದೆ.

ಈ ಪತ್ರವನ್ನು ವಿಮಾನಾಂಗಣದ ನೋಟಿಸು ಹಲಗೆಗೆ ಅಂಟಿಸುವ ಉದ್ದೇಶವಿರುವುದರಿಂದ, ತಮ್ಮನ್ನರಿಯದ ಸಾರ್ವಜನಿಕರಿಗೆ ತಮ್ಮ ಪರಿಚಯ ಮಾಡಿಕೊಡುವುದು ನನ್ನ ಕರ್ತವ್ಯ. ತಾವು ಒಂದು ಬಳೆ. ಹೆಬ್ಬೆರಳಿಗಿಂತ ತುಸು ದಪ್ಪ, ಒಳಗೆಲ್ಲ ರಬ್ಬರಿನ ಎಳೆಗಳು, ಮೇಲೆ ಒತ್ತಾಗಿ ನೇಯ್ದ ನೂಲಿನ ಅಂಗಿ. ನಮ್ಮ ಎರಡು ಸೀಟಿನ ಹಳೆಯ ವಿಮಾನದ ಒಂದೊಂದು ಕಾಲಿನಲ್ಲೂ ಎದುರುಬದುರು ಎರಡು ಕಬ್ಬಿಣದ ಕೊಕ್ಕೆಗಳಿದ್ದು, ತಮ್ಮಂಥವರು ಇಬ್ಬಿಬ್ಬರು ಆ ಕೊಕ್ಕೆಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿರುತ್ತೀರಿ. ವಿಮಾನ ನೆಲ ಮುಟ್ಟಿದಾಗ ಅದರ ಕಾಲು ಅಗಲವಾಗುತ್ತದೆ, ಕೊಕ್ಕೆಗಳು ದೂರವಾಗುತ್ತವೆ, ತಾವು ಹಿಗ್ಗುತ್ತೀರಿ, ಮತ್ತೆ ಕುಗ್ಗುತ್ತೀರಿ, ಒಳಗೆ ಕೂತವರ ಬೆನ್ನುಮೂಳೆ ಇದ್ದಲ್ಲೇ ಉಳಿಯುತ್ತದೆ. ಗಾಡಿಗಳಲ್ಲಿ ಸ್ಪ್ರಿಂಗು ಮಾಡುವ ಕೆಲಸವನ್ನು ನಮ್ಮ ವಿಮಾನದಲ್ಲಿ ತಾವು ನಾಲ್ವರು ಮಾಡಬೇಕು. ಮೂವರು ಒಪ್ಪಿದ್ದಾರೆ.

ನಾನು ಇಡೀ ನೌಕರಿಯನ್ನು ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕಳೆದವನು. ಊರಿನವರ ದೂರುಗಳನ್ನೆಲ್ಲ ಓದಿದ್ದೇನೆ, ನಾನಾಗಿ ಒಂದನ್ನೂ ಬರೆದವನಲ್ಲ. ಆ ಅನುಭವದಿಂದ ಹೇಳುವುದಾದರೆ, ಒಳ್ಳೆಯ ದೂರು ಯಾವಾಗಲೂ ಹೊಗಳಿಕೆಯಿಂದ ಶುರುವಾಗುತ್ತದೆ. ನಲ್ಲಿಯಲ್ಲಿ ಹನಿ ನೀರು ಬಾರದವರೂ ಮೊದಲು ನಮ್ಮ ದಕ್ಷತೆಯನ್ನು ಕೊಂಡಾಡುತ್ತಿದ್ದರು. ಆದ್ದರಿಂದ ಮೊದಲು ತಮ್ಮ ಚಾರಿತ್ರ್ಯದ ಬಗ್ಗೆ. ಇಷ್ಟು ದೃಢಮನಸ್ಸಿನವರನ್ನು ನಾನು ಕಂಡಿಲ್ಲ. ಸನ್ನೆಗೋಲಿಗೆ ಬಗ್ಗಲಿಲ್ಲ, ಜಾರಲೆಂದು ಮೈಗೆ ಹಚ್ಚಿದ ಪೌಡರಿಗೆ ಮರುಳಾಗಲಿಲ್ಲ, ಇಡೀ ಮುಂಜಾನೆ ಬಿಸಿಲಿನಲ್ಲಿಟ್ಟು ಮೆತ್ತಗೆ ಮಾಡಲು ನೋಡಿದರೆ ಬಿಸಿಲು ಕಾಯಿಸಿಕೊಂಡು ಇನ್ನಷ್ಟು ಆರೋಗ್ಯವಂತರಾದಿರಿ. ಕಾಲೇಜಿನಲ್ಲಿ ನಮಗೆ ಫಿಸಿಕ್ಸ್ ಹೇಳುತ್ತಿದ್ದವರು ಹಲಗೆ ತುಂಬ ಬರೆಸಿದ್ದರು, ಸ್ಟ್ರೆಸ್ ಈಸ್ ಡೈರೆಕ್ಟ್ಲಿ ಪ್ರಪೋರ್ಷನಲ್ ಟು ಸ್ಟ್ರೇನ್, ವಿದಿನ್ ದಿ... ವಿದಿನ್ ಏನೋ ಒಂದು, ಯಾವುದೋ ಮಿತಿಯ ಹೆಸರು. ಆ ಏನೋ ಒಂದರ ಒಳಗೇ ಎಲ್ಲ ಅಡಗಿತ್ತೆಂದು ಈಗ ಅನ್ನಿಸುತ್ತದೆ. ಸ್ಟ್ರೆಸ್ಸು ಪೂರಾ ನನ್ನ ಕಡೆಗೂ ಸ್ಟ್ರೇನು ಪೂರಾ ನನ್ನ ಸೊಂಟಕ್ಕೂ ಹಂಚಿಕೆಯಾಗಿ, ತಮ್ಮ ಪಾಲಿಗೆ ಏನೂ ಬಾರದ ಹಾಗೆ ನೋಡಿಕೊಂಡ ತಮ್ಮ ವ್ಯವಹಾರ ಚಾತುರ್ಯಕ್ಕೆ ತಲೆಬಾಗುತ್ತೇನೆ.

ಇನ್ನು ವಿಷಯಕ್ಕೆ ಬರೋಣ. ವಿತ್ ರೆಫರೆನ್ಸ್ ಟು ದಿ ಅಬೌವ್ ಎಂದು ನಮ್ಮ ಕಚೇರಿಯಲ್ಲಿ ಬರೆಯುತ್ತಿದ್ದರು, ಅಬೌವ್‌ನಲ್ಲಿ ಏನೂ ಇಲ್ಲದಿದ್ದರೂ. ಈ ವಿಮಾನ ನನಗಿಂತ ಹಿರಿಯದು. ನನ್ನಾಕೆಗೆ ತಂದೆಯಿಂದ ಬಂದದ್ದು. ಆಕೆ ಇದನ್ನು ಹಾರಿಸುತ್ತಿದ್ದಳು, ನಾನು ತೊಳೆಯುತ್ತಿದ್ದೆ. ಸಂಸಾರದಲ್ಲಿ ಎಲ್ಲರಿಗೂ ಒಂದೊಂದು ಖಾತೆ ಇರಬೇಕು. ಮಗನಿಗೂ ಕಲಿಸಲು ನೋಡಿದಳು, ಆದರೆ ಅವನು ಬಲ್ಬು ಬದಲಿಸಲು ಕುರ್ಚಿ ಹತ್ತಬೇಕೆಂದರೂ ಹೆಂಡತಿಯನ್ನು ಕರೆಯುವವನು. ಆ ಹೆಂಡತಿ, ಅಂದರೆ ನನ್ನ ಸೊಸೆ, ಊರಿನ ಬಸ್ಸು ಓಡಿಸುವವಳು, ಒಂದು ದಿನ ಅತ್ತೆಯ ಹಿಂದಿನ ಸೀಟಿನಲ್ಲಿ ಕೂತು ಹೋಗಿ ಬಂದವಳೇ ಕೆನ್ನೆ ಕೆಂಪು ಮಾಡಿಕೊಂಡು, "ಮಾವ, ಮೇಲೆ ಒಂದೂ ಸ್ಟಾಪಿಲ್ಲ!" ಎಂದಳು. ಅತ್ತೆ ಸೊಸೆಗೆ ಏರುವುದನ್ನು ಕಲಿಸಿ, ತಿರುಗುವುದನ್ನು ಕಲಿಸಿ, ಇಳಿಯುವುದನ್ನು ಅರ್ಧ ಕಲಿಸಿ, ಹೋದ ವರ್ಷದ ಮಳೆಗಾಲದಲ್ಲಿ ತೀರಿಕೊಂಡಳು. ಉಳಿದರ್ಧವನ್ನು ಸೊಸೆ ಬೇರೆಯವರ ಹತ್ತಿರ, ಇದೇ ವಿಮಾನದಲ್ಲಿ, ಕಲಿತಳು. ನಾಳೆ ಅವಳಿಗೆ ಪರೀಕ್ಷೆ.

ತೊಂದರೆ ಏನೆಂದರೆ, ತಮ್ಮ ಪೂರ್ವಾಧಿಕಾರಿಗಳು ಸೇವೆಯ ಅವಧಿ ಮುಗಿದರೂ ನಿವೃತ್ತರಾಗದೆ ಜೋತುಬಿದ್ದಿದ್ದರು. ವಿಮಾನ ಕಾಲು ಚಾಚಿ, ಕಾವಿಗೆ ಕೂತ ಕೋಳಿಯಂತೆ ನೆಲಕ್ಕೆ ಹೊಟ್ಟೆ ಹಚ್ಚುವುದರಲ್ಲಿತ್ತು. ತಪಾಸಣೆಯ ಸಾಹೇಬರು ಬಂದವರು ಮಂಡಿಯೂರಿ, ವಿಮಾನದ ಕಾಲಿಗೆ ತೊಡಿಸಿದ್ದ ಚರ್ಮದ ಗವಸು ಬಿಚ್ಚಿ, ಒಳಗೆ ಬೆರಳಾಡಿಸಿ, "ಇದು ರಬ್ಬರಲ್ಲ ಸ್ವಾಮಿ, ರಬ್ಬರಿನ ನೆನಪು" ಎಂದರು. ಹೊಸ ಬಳೆ ಹಾಕಿ ಕಾಲ ಮೇಲೆ ನಿಲ್ಲಿಸಿದರೆ ನಾಳೆ ಬೆಳಿಗ್ಗೆ ನೋಡಿ ಸಹಿ ಹಾಕುತ್ತಾರಂತೆ, ಇಲ್ಲವಾದರೆ ಇಲ್ಲವಂತೆ. ಸಹಿ ಇಲ್ಲದ ವಿಮಾನಕ್ಕೆ ಶೆಡ್ಡು ಇಲ್ಲ ಎಂದು ವಿಮಾನಾಂಗಣ ಸಮಿತಿಯ ಕಾರ್ಯದರ್ಶಿಗಳು ನಿಯಮ ತೋರಿಸಿದರು. ಬರಿ ನಿಯಮ ತೋರಿಸಿ ಸುಮ್ಮನಾಗುವಷ್ಟು ಕಠಿಣ ಹೃದಯ ಅವರದಲ್ಲ. ಮುಖ್ಯ ರಸ್ತೆಯ ಸೋಫಾ ಅಂಗಡಿಯವರು ಹೊಸ ಮಳಿಗೆಯ ಛಾವಣಿಗೆ ನೇತುಹಾಕಲು ಒಂದು ಹಳೆಯ ವಿಮಾನ ಹುಡುಕುತ್ತಿರುವ ಸುದ್ದಿಯನ್ನೂ ಅವರೇ ಹೊತ್ತು ತಂದರು. "ಯಜಮಾನ್ರೇ, ಯೋಚನೆ ಮಾಡಿ. ಬಿಸಿಲಿಲ್ಲ, ಧೂಳಿಲ್ಲ, ಇಡೀ ದಿನ ಏಸಿ. ನಿಮ್ಗೂ ನಂಗೂ ಆ ಯೋಗ ಇದ್ಯಾ?" ಎಂದು ನನ್ನ ಬೆನ್ನು ತಟ್ಟಿದರು. ಸೊಸೆ ಅಲ್ಲೇ ನಿಂತಿದ್ದಳು. ಅವಳು ಮಾತಾಡದಿದ್ದರೆ ಬಸ್ಸಿನ ಕಂಡಕ್ಟರು ಕೂಡ ಹಿಂದಿನ ಬಾಗಿಲಿಗೆ ಹೋಗಿ ನಿಲ್ಲುತ್ತಾನಂತೆ.

ಹೀಗಿರುವಾಗ, ಮಾನ್ಯರೇ, ಅವಳು ಬಸ್ಸಿನ ಡ್ಯೂಟಿ ಮುಗಿಸಿ ಬರುವಷ್ಟರಲ್ಲಿ ತಮ್ಮನ್ನು ಏರಿಸಿಟ್ಟಿರುತ್ತೇನೆಂದು ನಾನು ಮಾತು ಕೊಟ್ಟಿದ್ದೆ. ಛಾವಣಿಯ ತೊಲೆಗೆ ಕಟ್ಟಿದ ಚೈನ್ ರಾಟೆಯಿಂದ ವಿಮಾನದ ಮೂತಿ ಎತ್ತಿ ನಿಲ್ಲಿಸಿದ್ದೇವೆ, ಕಾಲುಗಳು ಜೋತುಬಿದ್ದು ಕೊಕ್ಕೆಗಳು ಹತ್ತಿರ ಬರಲೆಂದು. ನಿನ್ನೆ ಬಲಗಾಲಿಗೆ ಇಬ್ಬರು, ಎಡಗಾಲಿಗೆ ಒಬ್ಬರು ಸಂಭಾವಿತರಂತೆ ಏರಿದರು. ಹೊತ್ತಾಯಿತೆಂದು ತಮ್ಮನ್ನು ಮುಟ್ಟದೆ ಬಿಟ್ಟೆವು; ಇವತ್ತು ತಮ್ಮ ಸರದಿ. ತಮ್ಮ ಒಂದು ಬದಿಯನ್ನು ಒಂದು ಕೊಕ್ಕೆಗೆ ಸಿಕ್ಕಿಸಿ ಇನ್ನೊಂದನ್ನು ಸನ್ನೆಗೋಲಿನಿಂದ ಮೀಟಿದರೆ ಇನ್ನೇನು ನಾಲ್ಕು ಬೆರಳು ಬಾಕಿ, ಅಲ್ಲಿಗೆ ನಿಲ್ಲುತ್ತೀರಿ. ಕೈಗೆ ಬಂದದ್ದು ಬಾಯಿಗೆ ಬಾರದ ಸ್ಥಿತಿ. ಹಲ್ಲು ಕಚ್ಚಿದರೆ ಮೂರು ಬೆರಳು. ಬೈದರೆ ಮತ್ತೆ ನಾಲ್ಕು. ಮ್ಯಾನ್ ಪ್ರಪೋಸಸ್, ಮುಂದಿನದು ಮರೆತಿದೆ, ಡಿಸ್ಪೋಸ್ ಆದದ್ದು ಮಾತ್ರ ನಾನು.

ಆದಕಾರಣ ತಮ್ಮಲ್ಲಿ ಸವಿನಯ ಕೋರಿಕೆಗಳು. ತಾವು ಸ್ವಂತ ಇಚ್ಛೆಯಿಂದ ಆ ನಾಲ್ಕು ಬೆರಳಿನಷ್ಟು ಉದ್ದವಾಗಬೇಕು. ಅದು ಘನತೆಗೆ ಕುಂದೆನಿಸಿದರೆ ನಾನು ಅತ್ತ ತಿರುಗಿ ನಿಲ್ಲುತ್ತೇನೆ, ಯಾರೂ ನೋಡದಿದ್ದಾಗ ಆಗಿಬಿಡಿ. ಅದೂ ಆಗದೆಂದರೆ ಕೊಕ್ಕೆಗಳಿಗೆ ಬುದ್ಧಿ ಹೇಳಿ ಅವನ್ನಾದರೂ ಹತ್ತಿರ ಕರೆಸಬೇಕು. ಅವು ಕಬ್ಬಿಣ, ನನ್ನ ಮಾತು ಕೇಳುವುದಿಲ್ಲ, ತಮ್ಮದು ಕೇಳಿಯಾವು. ಇದಕ್ಕೂ ಮೀರಿದ್ದೇನಾದರೂ ತಮ್ಮ ಅಪೇಕ್ಷೆಯಲ್ಲಿದ್ದರೆ, ಸನ್ಮಾನ, ಸಿಂಹಾಸನ, ಸಮಿತಿಯ ಅಧ್ಯಕ್ಷಗಿರಿ, ತಿಳಿಸಿರಿ. ಕೊನೆಯದು ಸುಲಭ, ಅಲ್ಲಿ ತಮಗಿಂತ ಬಿಗಿಯಾದವರು ಕೂತು ಹೋಗಿದ್ದಾರೆ.

ಇಷ್ಟು ಬರೆಯುವಾಗ ಸೊಸೆ ಬಂದಳು. ಖಾಕಿ ಅಂಗಿಯಲ್ಲೇ ಇದ್ದಾಳೆ, ತೋಳು ಮಡಿಸಿಕೊಂಡಳು. ನನ್ನ ಕಿವಿ ನೋಡಿದಳು, ತಮ್ಮನ್ನು ನೋಡಿದಳು, ಸನ್ನೆಗೋಲು ತೆಗೆದುಕೊಂಡು ಒಮ್ಮೆ ಮೀಟಿದಳು. ನಾಲ್ಕು ಬೆರಳು. ನನಗೊಳಗೊಳಗೇ ಸಮಾಧಾನವಾಯಿತೆಂದು ತಮ್ಮೆದುರು ಮುಚ್ಚಿಡುವುದೇಕೆ. ಆಮೇಲೆ ಅವಳು ನೆಲದ ಮೇಲೆ ಅಂಗಾತ ಮಲಗಿ ವಿಮಾನದ ಕೆಳಗೆ ತೆವಳಿದಳು.

"ಮಾವ, ಈ ಚಕ್ರದ ಕೆಳಗೆ ಇಟ್ಟಿಗೆ ಯಾಕಿದೆ?"

ಇಟ್ಟಿಗೆಯ ವಿಚಾರ ತಮಗೂ ಹೇಳಬೇಕು. ನಮ್ಮ ಮನೆಯಲ್ಲಿ ಹಾಲು ಉಕ್ಕಿದರೂ ಪರವಾಗಿಲ್ಲ, ಬಾಗಿಲು ತೆರೆದಿಟ್ಟರೂ ಪರವಾಗಿಲ್ಲ, ಚಕ್ರಕ್ಕೆ ಇಟ್ಟಿಗೆ ಕೊಡದೆ ಶೆಡ್ಡು ಬಿಡುವಂತಿಲ್ಲ; ಅದು ನನ್ನಾಕೆಯ ಶಾಸನ. ಎಷ್ಟೋ ಸಲ ಅರ್ಧ ದಾರಿಯಿಂದ ವಾಪಸು ಬಂದು ಇಟ್ಟಿದ್ದೇವೆ. ನಿನ್ನೆಯೂ ಊಟಕ್ಕೆ ಹೊರಡುವ ಮುಂಚೆ ಕೈ ತಾನಾಗಿ ಇಟ್ಟಿಗೆ ಹುಡುಕಿತು. ಚಕ್ರ ನೋಡಿದರೆ ಗಾಳಿಯಲ್ಲಿದೆ, ಇಟ್ಟಿಗೆ ಅದನ್ನು ಮುಟ್ಟುತ್ತಿಲ್ಲ. ಮುಟ್ಟದ ಇಟ್ಟಿಗೆ ಇಟ್ಟೂ ಒಂದೇ ಬಿಟ್ಟೂ ಒಂದೇ ಎನಿಸಿ, ಅದನ್ನು ಚಕ್ರದ ಅಡಿಗೇ ಸರಿಸಿ, ಚಕ್ರ ಅದರ ಮೇಲೆ ಚೆನ್ನಾಗಿ ಕೂರುವವರೆಗೆ ರಾಟೆಯ ಚೈನು ಸಡಿಲಿಸಿ, ಶಿಸ್ತಾಗಿ ಮನೆಗೆ ಹೋದೆ. ಅಂದರೆ ವಿಮಾನದ ಭಾರ ಎಡಗಾಲಿನ ಮೇಲೆ ಬಂತು, ಕಾಲು ಅಗಲವಾಯಿತು, ಕೊಕ್ಕೆಗಳು ದೂರವಾದವು. ನಾಲ್ಕು ಬೆರಳು.

"ಇಟ್ಟಿಗೆ ಇಡದೆ ಹೋಗ್ಬಾರ್ದಲ್ಲಮ್ಮ, ನಿಮ್ಮತ್ತೆ..." ಎಂದೆ.

"ಅತ್ತೆ ಹೇಳ್ತಿದ್ದಿದ್ದು ವಿಮಾನ ಉರುಳಿಹೋಗ್ಬಾರ್ದು ಅಂತ. ನೇತಾಡ್ತಿರೋದು ಎಲ್ಲಿಗೆ ಉರುಳತ್ತೆ ಮಾವ?"

ಕೆಳಗಿನಿಂದ ಮೊದಲು ಒಂದು ಕೆಮ್ಮು ಕೇಳಿಸಿತು. ಆಮೇಲೆ ಅವಳ ಬೂಟುಗಳು ಅಲುಗತೊಡಗಿದವು. ಅಳುತ್ತಿದ್ದಾಳೆಂದು ಹೆದರಿ ಬಗ್ಗಿದರೆ ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವ ಹಾಗೆ. ಎರಡರಲ್ಲಿ ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಯಿತೆಂದು ನನಗೂ ತಿಳಿಯಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ನನ್ನದೂ ಅದೇ ಕಥೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲ ಡೊಂಕು ಮಾಡಿಟ್ಟು ಗೆಜ್ಜೆಯ ಮೇಲೆ ದೂರು ಬರೆದವನು.

ಚೈನು ಎಳೆದೆವು. ಚಕ್ರ ಇಟ್ಟಿಗೆ ಬಿಟ್ಟಿತು. ಸೊಸೆ ಮೀಟಿದಳು, ನಾನು ತಮ್ಮ ಭುಜ ಹಿಡಿದು ತಳ್ಳಿದೆ, ತಾವು ಟಪ್ಪೆಂದು ಕೊಕ್ಕೆಗೆ ಬಿದ್ದು ಒಡಹುಟ್ಟಿದವರ ಪಕ್ಕ ಕೂತಿರಿ, ಮುಂಚಿನಿಂದಲೂ ಅಲ್ಲೇ ಇದ್ದವರ ಹಾಗೆ. ಆಮೇಲೆ ಇಬ್ಬರೂ ಉಸಿರು ಹಿಡಿದು ಚೈನನ್ನು ಮೆಲ್ಲಗೆ ಬಿಟ್ಟೆವು. ವಿಮಾನ ಮೊದಲು ಮೊಣಕಾಲು ಒಳಗೆ ಮಡಚಿ, ಫೋಟೋ ತೆಗೆಸಿಕೊಳ್ಳುವ ಮಗುವಿನಂತೆ ನಾಚಿ ನಿಂತಿತು. ಸೊಸೆ ರೆಕ್ಕೆಯ ಆನಿಕೆಗೆ ಹೆಗಲು ಕೊಟ್ಟು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಉರುಳಿಸಿದಳು. ಕಾಲು ತಾನಾಗಿ ಅಗಲವಾಯಿತು, ತಾವು ನಾಲ್ವರೂ ಒಟ್ಟಿಗೆ ಒಂದು ಸಣ್ಣ ಸದ್ದು ಮಾಡಿದಿರಿ, ಹಳೆಯ ಕುರ್ಚಿಯಲ್ಲಿ ಭಾರಿ ಆಸಾಮಿ ಕೂತ ಸದ್ದು, ಆಮೇಲೆ ವಿಮಾನ ನಿಂತಿತು ನೋಡಿ. ನಮ್ಮ ಮದುವೆಯಾದ ವರ್ಷ ಇದು ಹೀಗೆ ನಿಲ್ಲುತ್ತಿತ್ತು. ಇದಕ್ಕೆ ಇಷ್ಟು ಎತ್ತರವಿದೆಯೆಂಬುದನ್ನೇ ಮರೆತಿದ್ದೆ.

ಆದ್ದರಿಂದ ಮೇಲ್ಕಂಡ ದೂರನ್ನು ಬೇಷರತ್ತಾಗಿ ಹಿಂಪಡೆಯುತ್ತೇನೆ. ಹಾಳೆಯನ್ನು ಹರಿಯುವುದಿಲ್ಲ, ಒಮ್ಮೆ ಬಂದ ದೂರನ್ನು ಹರಿಯಬಾರದೆಂದು ನಮ್ಮ ಕಚೇರಿಯ ಪದ್ಧತಿ, ಫೈಲು ಮಾಡಿ ಮರೆಯಬೇಕು. ಬದಲಿಗೆ ಒಂದೇ ಕೋರಿಕೆ, ಇದರಲ್ಲಿ ಅಣಕವಿಲ್ಲ. ನಾಳೆ ಸಾಹೇಬರ ಸಹಿ ಬಿದ್ದ ಮೇಲೆ ಪರೀಕ್ಷಕರು ಹಿಂದಿನ ಸೀಟಿನಲ್ಲಿ, ಅವಳು ಮುಂದಿನ ಸೀಟಿನಲ್ಲಿ. ಏರುವುದೂ ತಿರುಗುವುದೂ ಅತ್ತೆಯ ಹಾಗೇ ಬರುತ್ತದೆ. ಇಳಿಯುವುದು ಮಾತ್ರ ಸ್ವಲ್ಪ ಬಸ್ಸಿನ ಕೈ, ಸ್ಟಾಪು ಬಂತೆಂದು ಒಮ್ಮೆಗೇ ಕೂರಿಸುತ್ತಾಳೆ. ಆಗ ತಾವು ಹಿಗ್ಗಬೇಕು. ಎಷ್ಟು ಬೇಕೋ ಅಷ್ಟು, ವಿದಿನ್ ಆ ಏನೋ ಒಂದು. ನನ್ನ ಕೈಯಲ್ಲಿ ಇನ್ನೇನೂ ಉಳಿದಿಲ್ಲ, ಎಲ್ಲ ತಮ್ಮ ಕೈಯಲ್ಲಿ. ತಮಗೆ ಕೈ ಇಲ್ಲವೆಂಬುದೊಂದೇ ನನ್ನ ಚಿಂತೆ.

ಇನ್ನೂ ಬರೆಯುವುದಿತ್ತು. ಆದರೆ ಬಾಗಿಲಿನಿಂದ ಬರುತ್ತಿದ್ದ ಬಿಸಿಲು ಬೆಂಚು ಬಿಟ್ಟು, ನೆಲ ಬಿಟ್ಟು, ಈಗ ಎದುರು ಗೋಡೆಯ ಮೇಲೆ ಒಂದು ಕೆಂಪು ಪಟ್ಟಿಯಾಗಿದೆ, ನನ್ನ ಅಕ್ಷರ ನನಗೇ ಕಾಣುತ್ತಿಲ್ಲ. ಸೊಸೆ ಹೊರಗೆ ಸೈಕಲ್ಲಿನ ಗಂಟೆ ಬಾರಿಸುತ್ತಿದ್ದಾಳೆ.

ತಮ್ಮ ಬಿಗಿತನದಲ್ಲಿ ಭರವಸೆಯಿಟ್ಟ,
ತಮ್ಮ ವಿಶ್ವಾಸಿ,
ವಿಮಾನ ತೊಳೆಯುವವನು

ಮರೆತ ಮಾತು: ಕಾರ್ಯದರ್ಶಿಗಳು ನಮ್ಮ ಶೆಡ್ಡಿಗೆ ಬಂದಾಗಲೆಲ್ಲ ಚಹಾದ ಲೋಟವನ್ನು ವಿಮಾನದ ಮೂತಿಯ ಮೇಲಿಟ್ಟು ಮಾತಾಡುವ ರೂಢಿ. ಮೂತಿ ಈಗ ಅವರ ಹಣೆಯ ಮಟ್ಟಕ್ಕೆ ಏರಿದೆ, ಚೆನ್ನಾಗಿ ಇಳಿಜಾರೂ ಆಗಿದೆ. ನಾಳೆ ಬಿಳಿ ಅಂಗಿ ಹಾಕಿಕೊಂಡು ಬರಬೇಡಿರೆಂದು ಅವರಿಗೆ ತಿಳಿಸಬೇಕೆಂದಿದ್ದೆ. ಆದರೆ ಈ ನೋಟಿಸು ಹಲಗೆಯನ್ನು ಸಮಿತಿಯವರು ಓದಿದ ದಾಖಲೆ ಇದುವರೆಗೆ ಇಲ್ಲ.