ಸ್ವಾಮಿಗಳ ಶಿಷ್ಯನಿಗೆ ಏನು ಬಡಿಸುವುದು

ದೊಡ್ಡವರ ಜೀವನ ಬರೆಯುವವರು ಅವರ ಎದುರು ಕೂತು ನಾಲ್ಕು ಮಾತು ಕೇಳಿದವರಾಗಿರಬೇಕು. ನಾನು ಸ್ವಾಮಿಗಳನ್ನು ಕಂಡದ್ದು ಹೆಚ್ಚಾಗಿ ಅಡುಗೆಮನೆಯ ಬಾಗಿಲ ಸಂದಿಯಿಂದ. ಹಾಗಾಗಿ ಅವರ ಅರ್ಧ ಗಡ್ಡ, ಒಂದು ಕಿವಿ, ಒಂದು ಮೊಣಕಾಲು ಇಷ್ಟೇ ನನಗೆ ಚೆನ್ನಾಗಿ ಪರಿಚಯ. ಉಳಿದರ್ಧ ನಿಮ್ಮ ಅಜ್ಜನಿಗೆ ಗೊತ್ತಿತ್ತು. ಈಗ ಸ್ವಾಮಿಗಳ ಹೆಸರಿನಲ್ಲಿ ಭಜನೆ ನಡೆಯುತ್ತದೆ, ಅವರು ಕಾವೇರಿಯ ನೀರಿನ ಮೇಲೆ ನಡೆದರು ಎಂದು ಹೇಳುವವರೂ ಇದ್ದಾರೆ. ನನಗೆ ಗೊತ್ತಿದ್ದ ಹಾಗೆ ಅವರು ಸಿದ್ದಾಪುರಕ್ಕೆ ಬಸ್ಸಿನಲ್ಲಿ ಬಂದರು, ಬಸ್ಸಿನಲ್ಲಿ ವಾಂತಿಯನ್ನೂ ಮಾಡಿಕೊಂಡರು. ಮಕ್ಕಳೇ, ನೀವು ಬರೆದುಕೊಡು ಎಂದು ಹಟ ಹಿಡಿದದ್ದಕ್ಕೆ ಬರೆಯುತ್ತಿದ್ದೇನೆ. ಭಜನೆಯವರಿಗೆ ತೋರಿಸಬೇಡಿ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಿಮ್ಮ ಅಜ್ಜ ಸಿದ್ದಾಪುರದ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರು. ಲೈನ್ ಮನೆಗಳಲ್ಲಿದ್ದ ಆಳುಗಳ ಹಾಜರಿ ತೆಗೆದುಕೊಳ್ಳುವುದು, ಕಾಫಿ ಹಣ್ಣಿನ ಪಿಕ್ಕಿಂಗ್ ನೋಡಿಕೊಳ್ಳುವುದು ಅವರ ಕೆಲಸ. ಅವರಿಗೆ ಉಬ್ಬಸವಿತ್ತು. ಕಾಫಿ ಒಣಗಿಸುವ ಕಣದ ಧೂಳು ಎದ್ದರೆ ಸಾಕು, ಎದೆಯೊಳಗೆ ಯಾರೋ ಹಾರ್ಮೋನಿಯಂ ಒತ್ತಿದ ಹಾಗೆ ಸದ್ದು. ಇಂಗ್ಲಿಷ್ ಮದ್ದು, ನಾಟಿ ಮದ್ದು ಎಲ್ಲ ಮುಗಿದಿತ್ತು. ಆಗ ಹಾಸನದ ಕಡೆಯಿಂದ ಬಂದ ಈ ಸ್ವಾಮಿಗಳು ಎಸ್ಟೇಟಿನ ಹಳೆಯ ಗೋಡೌನಿನಲ್ಲಿ ಇಳಿದುಕೊಂಡು ಯೋಗ ಕಲಿಸುತ್ತಾರೆ ಎಂದು ಸುದ್ದಿಯಾಯಿತು. ಅಜ್ಜ ಹೋದರು. ಮೊದಲ ದಿನ ಬಂದವರೇ ಮೂಗು ಹಿಡಿದು ಕೂತರು. ನನ್ನ ಅತ್ತೆ, ಅಂದರೆ ಅಜ್ಜನ ತಾಯಿ, ಅದನ್ನು ಸ್ವಲ್ಪ ಹೊತ್ತು ನೋಡಿದರು.

"ಉಸ್ರು ಇಲ್ಲೆ ಅಂತ ಹೋದವನಿಗೆ ಮೂಗು ಮುಚ್ಚಿಕೊ ಅಂತ ಹೇಳಿದವ ಎಂಥ ಸ್ವಾಮಿ?" ಎಂದು ನನ್ನನ್ನು ಕೇಳಿದರು. ನನಗೂ ಹಾಗೇ ಅನ್ನಿಸಿತ್ತು. ಆದರೆ ಅತ್ತೆ ಹೇಳಿದ್ದಕ್ಕೆ ಹೌದು ಅಂದರೆ ಗಂಡನಿಗೆ ಕೋಪ, ಅಲ್ಲ ಅಂದರೆ ಅತ್ತೆಗೆ ಕೋಪ. ನಾನು ಒಲೆ ಊದಿದೆ.

ಸ್ವಾಮಿಗಳ ಬೋಧನೆ ಬಹಳ ಇರಲಿಲ್ಲ. ಆಮೇಲೆ ಅವರೇ ನಮ್ಮ ಮನೆಗೆ ಬರತೊಡಗಿದರು; ಜಗಲಿಯಲ್ಲಿ ಕೂತು ಅಜ್ಜನಿಗೆ ಹೇಳುತ್ತಿದ್ದದ್ದು ನನಗೆ ಒಳಗೆ ಕೇಳುತ್ತಿತ್ತು. "ರೈಟರೇ, ಉಸಿರು ಎಳ್ಕೊಳ್ಳೋಕೆ ಯಾರೂ ಕಲಿಸಬೇಕಾಗಿಲ್ಲ. ಬಿಡೋದು ಕಲೀರಿ. ನಿಧಾನಕ್ಕೆ ಬಿಡಿ. ಕೊಟ್ಟವನು ಏನು ಓಡಿ ಹೋಗಲ್ಲ." ದಿನಾ ಇದೇ ಪಾಠ. ನಿಮ್ಮ ಅಜ್ಜನಿಗೆ ಇಷ್ಟು ಸಣ್ಣ ವಿದ್ಯೆ ಸಾಲದಾಯಿತು. ಒಂದು ಬೆಳಿಗ್ಗೆ ಸ್ವಾಮಿಗಳಿಲ್ಲದಾಗ ಗೋಡೆಗೆ ಕಾಲು ಕೊಟ್ಟು ತಲೆಕೆಳಗಾಗಿ ನಿಂತೇಬಿಟ್ಟರು. ಅದೇ ಹೊತ್ತಿಗೆ ಪಿಕ್ಕಿಂಗಿಗೆ ಹೊರಟ ಹೆಂಗಸರು ಅಂಗಳದ ಮುಂದೆ ಹಾದುಹೋದರು. "ಅಕ್ಕಾ, ರೈಟರ್ ಸಾರಿಗೆ ಎಂಥ ಆಯ್ತು? ಬಾವಲಿ ಹಾಗೆ ಉಂಟಲ್ಲಾ. ಇವತ್ತು ಹಾಜರಿ ಹೀಗೇಯಾ?" ಎಂದು ಒಬ್ಬಳು ನನ್ನನ್ನು ಕೇಳಿದಳು. ಅಜ್ಜ ನಗು ತಡೆಯಲಾಗದೆ ಬಾಳೆಗೊನೆ ಕಡಿದ ಹಾಗೆ ಬಿದ್ದರು. ಸ್ವಾಮಿಗಳು ಸಂಜೆ ಬಂದು ಬೈದರು. ಬೈಯುತ್ತಾ ಅವರೂ ನಕ್ಕದ್ದು ಸಂದಿಯಿಂದ ಕಂಡಿತು. ಗಡ್ಡ ಅಲ್ಲಾಡುತ್ತಿತ್ತು.

ಎದೆ ಹಗುರಾಗುತ್ತದೋ ನೋಡಿ, ಸ್ವಲ್ಪ ದಿನ ಮಾಂಸ ಬಿಡಿ ಎಂದು ಸ್ವಾಮಿಗಳು ಹೇಳಿದ್ದರು. ಅಜ್ಜ ಸ್ವಲ್ಪದರಲ್ಲಿ ನಿಲ್ಲುವವರಲ್ಲ. ದೇವರ ದೀಪದ ಮುಂದೆ ನಿಂತು, ಇನ್ನು ಜನ್ಮವಿಡೀ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟರು. ಹಂದಿಮಾಂಸದ ಸಾರಿಗೆ ಅಕ್ಕಿರೊಟ್ಟಿ ಮುರಿದು ಹಾಕಿಕೊಂಡು ಲೋಕ ಮರೆಯುತ್ತಿದ್ದ ಮನುಷ್ಯ. ನಾವು ಮಾಂಸ ಮಾಡಿದ ದಿನ ಅವರು ಕಣದ ಆಚೆ ತುದಿಗೆ ಹೋಗಿ ಕೂರುತ್ತಿದ್ದರು. ಸಾರಿನ ಪರಿಮಳದ ಗಾಳಿ ಯಾವ ಕಡೆ ಬೀಸಿದರೆ ಆ ಕಡೆಗೇ ಹೇಗೆ ಹೋಗಿ ಕೂರುತ್ತಿದ್ದರೋ, ನನಗೆ ಅರ್ಥವಾಗಲಿಲ್ಲ. ಆದರೂ ಗುಣ ಕಂಡಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಅವರು ಚಾಪೆಯ ಮೇಲೆ ಕಾಲು ಚಾಚಿ ಮಲಗಿ ನಿದ್ದೆ ಮಾಡುತ್ತಿದ್ದರು. ಮದುವೆಯಾದಾಗಿನಿಂದ ಅವರು ದಿಂಬಿಗೊರಗಿ ಕೂತೇ ನಿದ್ದೆ ಮಾಡುತ್ತಿದ್ದದ್ದು. ನನ್ನ ಗಂಡ ಇಷ್ಟು ಉದ್ದ ಎಂದು ನನಗೆ ತಿಳಿದದ್ದು ಆವತ್ತು.

ಹಾಗೆ ಎರಡು ವರ್ಷ ಸಿಕ್ಕಿತು. ಮೂರನೆಯ ಚಳಿಗಾಲದಲ್ಲಿ ಹಳೆಯದೆಲ್ಲ ಒಟ್ಟಿಗೆ ತಿರುಗಿ ಬಂತು. ಒಂದು ಬೆಳಿಗ್ಗೆ ಗೋಡೆಗೆ ಒರಗಿ ಕೂತವರು ಕೂತ ಹಾಗೇ ಹೋದರು. ಯೋಗಿಯ ಹಾಗೆ ಕೂತೇ ದೇಹ ಬಿಟ್ಟರಂತೆ ಎಂದು ದೂರದ ಬಿಟ್ಟಂಗಾಲದಿಂದೆಲ್ಲ ಜನ ಕೈಮುಗಿಯಲು ಬಂದರು. ಸ್ವಾಮಿಗಳು ಅಂಗಳದಲ್ಲಿ ನಿಂತು, "ಸಮಾಧಿ ಗಿಮಾಧಿ ಏನೂ ಅಲ್ಲ. ಮಲಗಿದ್ರೆ ಉಸಿರು ಸಿಗ್ತಿರಲಿಲ್ಲ, ಅದಕ್ಕೆ ಕೂತಿದ್ರು. ಆ ಹೆಣ್ಣುಮಗಳಿಗೆ ಸ್ವಲ್ಪ ಜಾಗ ಬಿಡಿ" ಅಂದರು. ಸ್ವಾಮಿಗಳ ಮೇಲೆ ನನಗೆ ಭಕ್ತಿ ಹುಟ್ಟಿದ್ದು ಆಗಲೇ.

ನಮ್ಮಲ್ಲಿ ಕ್ರಿಯೆಯ ದಿನ ಸತ್ತವರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಮುಂದೆ ಮಾಡಿ ಹೊರಗೆ ಕೂರುವುದು ಪದ್ಧತಿ. ಅವರು ಬಂದು ಉಂಡು, ಮೊದಲೇ ಹೋದ ಹಿರಿಯರ ಜೊತೆ ಸೇರುತ್ತಾರೆ. ಎಲೆಯಲ್ಲಿ ಹಂದಿಮಾಂಸ ಇಲ್ಲದಿದ್ದರೆ ಅದು ಎಲೆಯೇ ಅಲ್ಲ. ಆದರೆ ಇವರು ದೀಪದ ಮುಂದೆ ಮಾತು ಕೊಟ್ಟವರು. ಬಡಿಸಿದರೆ ಕೊಟ್ಟ ಮಾತು ನಾನೇ ಮುರಿದ ಹಾಗೆ. ಬಡಿಸದಿದ್ದರೆ ಕೊನೆಯ ಊಟಕ್ಕೂ ಹಸಿದು ಎದ್ದು ಹೋಗುತ್ತಾರೆ. ಅಳುವುದನ್ನೂ ಬಿಟ್ಟು ನಾನು ಇದನ್ನೇ ಯೋಚಿಸಿದೆ.

ಅತ್ತೆಗೆ ಅನುಮಾನವೇ ಇರಲಿಲ್ಲ. "ಅಲ್ಲಿ ಅವನ ಅಪ್ಪ, ಅಜ್ಜ ಎಲ್ಲ ಮಾಂಸ ತಿನ್ನುವಾಗ ನನ್ನ ಮಗ ಒಬ್ಬ ಸೊಪ್ಪು ಹಿಡ್ಕೊಂಡು ಕೂರೊಕಾ? ಎರಡು ವರ್ಷದ ಸ್ವಾಮಿ ದೊಡ್ಡದಾ, ಹೆತ್ತವಳು ನಾನು ದೊಡ್ಡದಾ, ಗಂಗೆ?" ಎಂದು ನನ್ನ ಹೆಸರು ಹಿಡಿದು ಕೇಳಿದರು.

ನಾನು ಜನ್ಮದಲ್ಲಿ ಮೊದಲ ಸಲ ಸ್ವಾಮಿಗಳ ಜೊತೆ ಮಾತಾಡಿದೆ. ಬಾಗಿಲ ಹಿಂದೆ ನಿಂತೇ ಕೇಳಿದೆ.

"ತಾಯಿ, ನಾನು ಮೊದಲು ಮಿಲಿಟರಿಯಲ್ಲಿ ಅಡುಗೆಯವನಾಗಿದ್ದೆ" ಅಂದರು. "ಯುದ್ಧ ನಡೀತಿತ್ತು. ಒಂದಿನ ಹುಡುಗರು ಬರ್ತಾರೆ ಅಂತ ಮಾಂಸ ಬೇಯಿಸಿಟ್ಟು ಕಾದೆ. ಒಬ್ಬನೂ ಬರಲಿಲ್ಲ. ಆ ಪಾತ್ರೆ ಎದುರಿಗೇ ಕೂತಿದ್ದೆ, ಆರಿ ತಣ್ಣಗಾಗೋವರೆಗೂ. ಆಮೇಲೆ ನನಗೆ ತಿನ್ನೋಕೂ ಆಗಲಿಲ್ಲ, ಬೇಯ್ಸೋಕೂ ಆಗಲಿಲ್ಲ. ಜನ ಅದನ್ನ ವೈರಾಗ್ಯ ಅಂತಾರೆ." ಆಮೇಲೆ ಹೇಳಿದರು: "ರೈಟರ ವ್ರತ ಅವರ ಎದೆಯ ಮದ್ದು. ಈಗ ಆ ಎದೆಗೆ ನೋವಿಲ್ಲ. ಮದ್ದು ಸಾಕು. ಬಡಿಸಿ."

ನಾನು ಒಲೆ ಹಚ್ಚಿದೆ. ಹೊಗೆಯ ನೆಪದಲ್ಲಿ ಅಷ್ಟು ದಿನದ ಅಳುವೆಲ್ಲ ಬಂತು. ಸಾರು ಕುದಿದು ಪರಿಮಳ ಜಗಲಿಗೆ ಹೋಯಿತು. ಅಲ್ಲಿಂದ, ನಮ್ಮ ಕಡೆ ತಿರುಗದೆ, ಸ್ವಾಮಿಗಳು ಮೆಲ್ಲನೆ ಅಂದರು: "ತಾಯಿ, ಹುಳಿ ಇನ್ನೊಂಚೂರು ಬೇಕೇನೋ."

ಅತ್ತೆ ನನ್ನ ಮುಖ ನೋಡಿದರು, ಸೌಟು ಎತ್ತಿ ನೆಕ್ಕಿದರು. "ಹೌದು, ಹುಳಿ ಸಾಲದು" ಎಂದು ಕಾಚಂಪುಳಿಯ ಬಾಟಲಿ ತೆಗೆದರು. ತೆಗೆಯುತ್ತಾ ನಗಲು ಶುರುಮಾಡಿದರು. ಆ ನಗು ಅಳುವಾಗುವ ತನಕ ನಾನು ಅವರ ಭುಜ ಹಿಡಿದುಕೊಂಡಿದ್ದೆ. ಎಲೆ ಬಡಿಸಿ, ಬಾಗಿಲು ಮುಂದೆ ಮಾಡಿ, ನಾವಿಬ್ಬರೂ ಮೆಟ್ಟಿಲ ಮೇಲೆ ಕೂತೆವು. ಸ್ವಾಮಿಗಳು ಕಣದ ಆಚೆ ತುದಿಯಲ್ಲಿ, ಗಾಳಿ ಬೀಸದ ಕಡೆ ಹೋಗಿ ಕೂತರು. ಆ ವರ್ಷವೇ ಅವರು ಶ್ರೀಮಂಗಲದ ಕಡೆ ಹೋದರು. ಮತ್ತೆ ನಾನು ಅವರನ್ನು ಕಾಣಲಿಲ್ಲ.

ಇದನ್ನು ಬರೆಯುತ್ತಿರುವಾಗ ನಿಮ್ಮ ಅಮ್ಮ ಹೆಗಲ ಮೇಲಿಂದ ಬಗ್ಗಿ ಓದಿ, "ಹಾಗಾದರೆ ಅತ್ತೆ, ನಿಮಗೆ ಏನು ಇಷ್ಟ? ಈಗಲೇ ಹೇಳಿಡಿ" ಎಂದು ತಮಾಷೆಗೆ ಕೇಳಿದಳು. ಅದು ನನಗೇ ಗೊತ್ತಿರಲಿಲ್ಲ. ಒಂದು ಮನೆಯ ನಾಲ್ಕು ತಲೆಮಾರಿನ ನಾಲಗೆ ನನಗೆ ಬಾಯಿಪಾಠ. ನನ್ನದೊಂದನ್ನು ವಿಚಾರಿಸಿಕೊಳ್ಳಲೇ ಇಲ್ಲ. ಪಾತ್ರೆಯ ತಳದಲ್ಲಿ ಉಳಿದದ್ದೇ ನನ್ನ ಊಟವಾಗಿತ್ತು, ಅದು ಇಷ್ಟವೋ ಅಲ್ಲವೋ ಎಂದು ಯಾರು ಕೇಳಬೇಕು. ಅದಕ್ಕೇ ಈ ವಾರ ದಿನಕ್ಕೊಂದು ಮಾಡಿಸಿಕೊಂಡು ರುಚಿ ನೋಡುತ್ತಿದ್ದೇನೆ. ಎಳೆ ಬಿದಿರಿನ ಕಣಿಲೆ ಪಲ್ಯ ಪರವಾಗಿಲ್ಲ, ಅಕ್ಕಿತರಿಯ ಉಂಡೆ ಕಡಂಬಿಟ್ಟು ಅಂಥದ್ದೇನಲ್ಲ, ಇನ್ನೂ ತೀರ್ಮಾನವಾಗಿಲ್ಲ. ಈ ವಯಸ್ಸಿನಲ್ಲಿ ಅತ್ತೆಗೆ ಬಾಯಿಚಪಲ ಹತ್ತಿದೆ ಎಂದು ನಿಮ್ಮ ಅಮ್ಮ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು. ಬಾಗಿಲ ಸಂದಿಯಿಂದ ಕೇಳಿಸಿಕೊಂಡೆ.